ಹಳೇ ಪ್ರಿಂಟರಿಗೆ ಹೊಸ ಸಂಬಂಧ

ಕಂಪ್ಯೂಟರಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡುವ ಅಗತ್ಯವಿಲ್ಲ ಎಂಬ ಧೈರ್ಯ ಹೋದ ತಿಂಗಳ ತನಕ ನನಗಿತ್ತು. ಇರದೇ ಇದ್ದೀತೇ? ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಹತ್ತಿರ ಒಂಬತ್ತು ವರ್ಷ ಟೈಪಿಂಗ್ ಅಂಗಡಿ ನಡೆಸಿದವಳು ನಾನು. ಒಬ್ಬಳೇ ಅಲ್ಲ, ಜೊತೆಗೆ ಜಯಂತಿ ಇದ್ದಳು. ಅವಳು ಟೈಪ್ ಮಾಡುವುದು, ನಾನು ಪ್ರಿಂಟ್ ತೆಗೆಯುವುದು. ಜಾತಕ, ಅರ್ಜಿ, ಯಕ್ಷಗಾನದ ಹ್ಯಾಂಡ್‌ಬಿಲ್, ಯಾವುದು ಬಂದರೂ ನಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರ್ರ್ ಕರ್ರ್ ಎಂದು ಕಿರುಚಿ ಹೊರಗೆ ಹಾಕುತ್ತಿತ್ತು. ಗಿರಾಕಿಗಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಾವಿಬ್ಬರು ಮಾತ್ರ ಆ ಗಲಾಟೆಗಿಂತ ಜೋರಾಗಿ ಕಿರುಚಿ ಗುಟ್ಟು ಹೇಳಿಕೊಳ್ಳುತ್ತಿದ್ದೆವು. ಒಮ್ಮೆ ಗುಟ್ಟಿನ ನಡುವೆ ಪೇಪರ್ ಮುಗಿದು ಪ್ರಿಂಟರು ತಟ್ಟನೆ ನಿಂತಿತು. ಜಯಂತಿಗೆ ಗಂಡು ನೋಡುತ್ತಿದ್ದಾರೆಂದು ಇಡೀ ಬಸ್ ಸ್ಟ್ಯಾಂಡಿಗೆ ತಿಳಿದದ್ದು ಹಾಗೆ!

ಮದುವೆಯಾಗಿ ಅವಳು ಮುಂಬೈಗೆ ಹೋದಳು. ನಾನು ಒಂದು ವರ್ಷ ಹೇಗೋ ಎಳೆದೆ. ಆಮೇಲೆ ಅಂಗಡಿಯ ಬಾಗಿಲು ಹಾಕಿ, ಪ್ರಿಂಟರನ್ನು ಹಳೇ ಸೀರೆಯಲ್ಲಿ ಸುತ್ತಿ, ಸಾಲಿಗ್ರಾಮದ ನಮ್ಮ ಮನೆಯ ಅಟ್ಟ ಸೇರಿಸಿದೆ. ಹದಿನೆಂಟು ವರ್ಷವಾಯಿತು. ಈಗಲೂ ಅಡುಗೆಮನೆಯಲ್ಲಿ ಮಿಕ್ಸಿ ಕರ್ರ್ ಎಂದರೆ, ಏನೋ ಹೇಳಬೇಕೆಂದು ದನಿ ಎತ್ತರಿಸಿ ಪಕ್ಕಕ್ಕೆ ತಿರುಗುತ್ತೇನೆ. ಯಾರೂ ಇರುವುದಿಲ್ಲ. ತೆಂಗಿನಕಾಯಿ ಮಾತ್ರ ನುಣ್ಣಗಾಗಿರುತ್ತದೆ.

ಅಂಥ ಜಯಂತಿಯ ಫೋನು ಬಂತು. "ಬೈಂದೂರಿಗ್ ನಾದ್ನಿ ಮನಿಗ್ ಬಂದಿದ್ದೆ ಮಾರಾಯ್ತಿ. ಶನಿವಾರ ನಿಮ್ಮನಿಗ್ ಬತ್ತೆ. ಸಂಜಿ ಬಸ್ಸಿಗೇ ವಾಪಸ್ ಹೋಯ್ಕ್."

ಬೇರೆ ಹೆಂಗಸಾಗಿದ್ದರೆ ಕೋಳಿ ಸುಕ್ಕದ ಯೋಚನೆ ಮಾಡುತ್ತಿದ್ದಳು. ನಾನು ಅಟ್ಟ ಹತ್ತಿದೆ! ಜಯಂತಿ ಹೊಸ್ತಿಲು ದಾಟುವ ಹೊತ್ತಿಗೆ ಆ ಪ್ರಿಂಟರು ಕರ್ರ್ ಎಂದು ಅವಳ ಹೆಸರು ಬರೆಯಬೇಕು, ಹದಿನೆಂಟು ವರ್ಷ ಒಂದೇ ಏಟಿಗೆ ಹಿಂದಕ್ಕೆ ಹೋಗಬೇಕು. ಯೋಜನೆ ಅಷ್ಟು ಸರಳವಾಗಿತ್ತು.

"ಅದನ್ನ್ ಎಂತಕ್ಕೆ ಇಳ್ಸುದ್? ಒಳ್ಗ್ ಹಲ್ಲಿ ಸಂಸಾರ ಮಾಡ್ಕಂಡ್ ಇತ್ತ್" ಎಂದರು ನಮ್ಮ ಯಜಮಾನರು. ಅವರು ಪೋಸ್ಟಾಫೀಸಿನಿಂದ ನಿವೃತ್ತರಾದವರು.

ಹಲ್ಲಿಗಳನ್ನು ಗೌರವದಿಂದ ಬೀಳ್ಕೊಟ್ಟು ಕೇಬಲ್ಲು ಬಿಡಿಸಿದೆ. ಹೆಬ್ಬೆರಳಿನಷ್ಟು ದಪ್ಪ, ಕಂಪ್ಯೂಟರಿಗೆ ಹೋಗುವ ತುದಿಯಲ್ಲಿ ಇಪ್ಪತ್ತೈದು ಸೂಜಿ. ನಮ್ಮ ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿದೆ. ಅಷ್ಟು ದೊಡ್ಡ ಬಾಯಿ ಎಲ್ಲಿಯೂ ಇಲ್ಲ! ಟೀವಿಗೆ ಜೋಡಿಸುವ ಜಾಗ ಸ್ವಲ್ಪ ಅಗಲವಾಗಿ ಕಂಡಿತು. ಒತ್ತಿದೆ. ಹೋಗಲಿಲ್ಲ. ಅನುಭವಸ್ಥಳಾದ್ದರಿಂದ ಇನ್ನೂ ಜೋರಾಗಿ ಒತ್ತಿದೆ. ನಾಲ್ಕು ಸೂಜಿ ಬಗ್ಗಿದವು. ಹೇರ್‌ಪಿನ್ನಿನಿಂದ ಮೂರನ್ನು ನೆಟ್ಟಗೆ ಮಾಡಿದೆ. ನಾಲ್ಕನೆಯದು ಕೈಗೇ ಬಂತು.

ಹಳೇ ಪ್ರಿಂಟರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೇಬಲ್ಲು ಹುಡುಕಿ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆ. ಕಂಪ್ಯೂಟರ್ ಅಂಗಡಿಯವರು ವಿನಯದಿಂದಲೇ ಕೇಳಿದರು, "ಅಕ್ಕ, ನಿಮ್ಗ್ ಬೇಕಾದ್ ಸೀರಿಯಲ್ಲಾ, ಪ್ಯಾರಲಲ್ಲಾ?"

ಗೊತ್ತಿಲ್ಲ ಎನ್ನಲು ಒಂಬತ್ತು ವರ್ಷದ ಅನುಭವ ಬಿಡಬೇಕಲ್ಲ! "ಎರಡ್ರಲ್ಲಿ ಗಟ್ಟಿ ಇಪ್ಪುದ್ ಯಾವ್ದೊ, ಅದನ್ನೇ ಕೊಡಿ" ಎಂದೆ.

ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಒಂಬತ್ತೇ ಸೂಜಿ. ಅದೂ ಹೋಗಲಿ, ಇಲ್ಲಿಯೂ ಸೂಜಿ, ಅಲ್ಲಿಯೂ ಸೂಜಿ. ಎರಡೂ ಗಂಡೇ! ಈ ಸಂಬಂಧ ಕೂಡಿಬರುವುದು ಹೇಗೆ? ಮರುದಿನ ಹಳೇ ಕೇಬಲ್ಲನ್ನೇ ಕೊರಳಿಗೆ ಸುತ್ತಿಕೊಂಡು ಮತ್ತೆ ಕುಂದಾಪುರಕ್ಕೆ ಹೋದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯಿತು. ಅಂಗಡಿಯವರು ಈ ಸಲ ಏನೂ ಕೇಳದೆ, ಒಂದು ತುದಿ ಲ್ಯಾಪ್‌ಟಾಪಿಗೆ ಹೋಗುವ, ಇನ್ನೊಂದು ತುದಿಯಲ್ಲಿ ಇಪ್ಪತ್ತೈದು ತೂತು ಇರುವ ತುಂಡು ಕೇಬಲ್ಲು ಕೊಟ್ಟರು. "ಮುರ್ದ ಸೂಜಿ ಕಡಿಗಿಂದ್, ಅದಿಲ್ದಿದ್ರೂ ನಡಿತ್ತ್, ಹೆದ್ರ್ಕಂಬ್ದ್ ಬ್ಯಾಡ" ಎಂದು ಸಮಾಧಾನವನ್ನೂ ಹೇಳಿದರು.

ಶುಕ್ರವಾರ ಎಲ್ಲವನ್ನೂ ಜೋಡಿಸಿದೆ. 'ಜಯಂತಿ, ಒಳಗೆ ಬಾ' ಎಂದು ದೊಡ್ಡಕ್ಷರದಲ್ಲಿ ಟೈಪ್ ಮಾಡಿ ಪ್ರಿಂಟ್ ಒತ್ತಿದೆ. ಪ್ರಿಂಟರು ಸುಮ್ಮನಿತ್ತು. ಮತ್ತೆ ಒತ್ತಿದೆ. ಮತ್ತೆ. ಮತ್ತೆ. ಒತ್ತಿದಾಗಲೆಲ್ಲ ಲ್ಯಾಪ್‌ಟಾಪು ಕಳಿಸಿದೆನೆಂದು ಹೇಳುತ್ತಿತ್ತು. ಎಲ್ಲಿಗೆ ಎಂದು ಮಾತ್ರ ಹೇಳಲಿಲ್ಲ.

"ಒಂದೇ ಕಾಗ್ದ ಎಷ್ಟ್ ಸಲ ಪೋಸ್ಟ್ ಮಾಡ್ತೆ? ವಿಳಾಸ ಸಮ ಇತ್ತಾ ಕಾಣ್" ಎಂದರು ಯಜಮಾನರು, ಪೇಪರಿನಿಂದ ಕಣ್ಣೆತ್ತದೆ.

"ನಿಮ್ಗೆಂತ ಗೊತ್ತ್ ಕಂಪ್ಯೂಟರ್ ಸಂಗ್ತಿ!" ಎಂದು ರೇಗಿದೆ.

ಪ್ರಿಂಟರಿನ ಶಾಯಿ ರಿಬ್ಬನ್ ಒಣಗಿರಬೇಕೆಂದು ತೋರಿತು. ಶನಿವಾರ ಬೆಳಿಗ್ಗೆ ಯಜಮಾನರ ಸ್ಟಾಂಪ್ ಪ್ಯಾಡಿನ ಶಾಯಿಯನ್ನು ಅದರ ಮೇಲೆ ಹಿಂಡಿದೆ. ರಿಬ್ಬನ್ ಸ್ವಲ್ಪ ಕುಡಿಯಿತು. ಉಳಿದದ್ದನ್ನು ನಾನು ಮೊಣಕೈ ತನಕ ಮೆತ್ತಿಕೊಂಡೆ. ಸೋಪಿಗೆ ಹೋಗುವ ಶಾಯಿಯಲ್ಲ, ಸರ್ಕಾರಿ ಶಾಯಿ!

ಬೇರೆ ದಾರಿ ಕಾಣದೆ ಅಂಗಡಿಯವರಿಗೆ ಫೋನು ಮಾಡಿದೆ. ಪಾಪ, ಅವರು ಒಂದೊಂದೇ ಹೇಳಿಕೊಟ್ಟರು. "ಪೋರ್ಟ್ ಅಂದೇಳಿ ಇತ್ತಲ್ದಾ, ಅದನ್ನ್ ಒತ್ತಿ. ನೀವ್ ಕಳ್ಸ್ತಾ ಇಪ್ಪುದ್ ಹಳೇ ಪೋರ್ಟಿಗ್ ಅಕ್ಕ, ಅದ್ ನಿಮ್ಮ್ ಲ್ಯಾಪ್‌ಟಾಪಗೆ ಇಲ್ಲ್ವೇ ಇಲ್ಲ. ಯುಎಸ್‌ಬಿ ಅಂದೇಳಿ ಇಪ್ಪುದಕ್ಕ್ ಬದ್ಲ್ಸಿ."

ಅಂದರೆ ವಿಳಾಸವೇ ತಪ್ಪು! ಯಜಮಾನರತ್ತ ನೋಡದೆ ಬದಲಿಸಿದೆ.

ಕರ್ರ್!

ಅದೇ ಸದ್ದು. ಆ ಕ್ಷಣಕ್ಕೆ ನಾನು ಬ್ರಹ್ಮಾವರದಲ್ಲಿದ್ದೆ, ತಲೆಕೂದಲು ಕಪ್ಪಾಗಿತ್ತು. ತಿರುಗಿದರೆ ಬಾಗಿಲಲ್ಲಿ ಜಯಂತಿ! ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು, ನಗು ಮಾತ್ರ ಹಾಗೆಯೇ ಇತ್ತು. ಓಡಿಹೋಗಿ ತಬ್ಬಿಕೊಂಡೆ. ಅವಳ ಕೆನೆಬಣ್ಣದ ಸೀರೆಯ ಬೆನ್ನ ಮೇಲೆ ಎರಡು ನೀಲಿ ಅಂಗೈ ಮೂಡಿದವು.

ಪ್ರಿಂಟರು ನಿಲ್ಲಲಿಲ್ಲ. ಹಿಂದಿನ ದಿನ ಒತ್ತಿದ್ದನ್ನೆಲ್ಲ ಅದು ಒಂದೂ ಬಿಡದೆ ಪೂರೈಸುತ್ತಿತ್ತು. 'ಜಯಂತಿ, ಒಳಗೆ ಬಾ', 'ಜಯಂತಿ, ಒಳಗೆ ಬಾ' ಎನ್ನುತ್ತ ತುಂಡಾಗದ ಉದ್ದನೆಯ ಕಾಗದ ಚಾವಡಿ ದಾಟಿ ಹೊಸ್ತಿಲಿಗೆ ಬಂದು, ಒಳಗೆ ಬರುತ್ತಿದ್ದ ಜಯಂತಿಯನ್ನು ಹೊರಗೆ ನೂಕುತ್ತಿತ್ತು.

"ಹೆಂಗಿದ್ದೇ?" ಎಂದು ಕಿರುಚಿದೆ.

"ಎಂತ?"

"ಹೆಂಗಿದ್ದೇ?"

"ಕೇಂತಿಲ್ಲ ಮಾರಾಯ್ತಿ!" ಎಂದವಳು ಕಾಗದ ದಾಟಿ ಬಂದು, ಗೋಡೆಯ ಸ್ವಿಚ್ಚು ಹುಡುಕಿ ಆರಿಸಿದಳು. ಮನೆ ಸ್ತಬ್ಧವಾಯಿತು.

"ನಿನ್ ಸಲುವಾಗಿ ಸರಿ ಮಾಡಿದ್ದೇ" ಎಂದೆ. "ನೆನಪಾತಿಲ್ಯಾ ಆ ಶಬ್ದ?"

"ನೆನಪಾಗ್ದೆ ಎಂತ! ದಿನಾ ತಲಿನೋವ್ ಬತ್ತಿತ್ತ್. ಮುಂಬೈ ಸಂಬಂಧಕ್ಕೆ ನಾ ಹ್ಞೂಂ ಅಂದದ್ದ್ ಎಂತಕ್ಕೆ ಅಂದೇಳಿ ಮಾಡಿದ್ದೆ?"

"ಹುಡ್ಗ ಚಂದ ಇದ್ದ ಅಂದೇಳಿ."

"ಹುಡ್ಗನ್ನ ಕಂಡದ್ದ್ ಆಮೇಲೆ!"

ಯಜಮಾನರು ಪೇಪರಿನ ಹಿಂದೆ ನಕ್ಕದ್ದು ಕೇಳಿಸಿತು. ನಾನು ಬಗ್ಗಿ ಕಾಗದ ಮಡಚತೊಡಗಿದೆ. ಜಯಂತಿ ನನ್ನ ನೀಲಿ ಕೈಯನ್ನೇ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಂಗ್ ಮುಂಬೈಯಗೆ ಕೂಕಂಡ್ ನೆನಪಾಪುದ್ ಬ್ಯಾರೆ. ಅಂಗ್ಡಿಯಗೆ ಕರೆಂಟ್ ಹೋತಿತ್ತಲೆ, ಆ ಹೊತ್ತ್. ಪ್ರಿಂಟರ್ ನಿಲ್ತಿತ್ತ್, ನಾವ್ ಮೆಲ್ಲ ಮಾತಾಡ್ತಾ ಕೂಕಂತಿದ್ದೊ. ಕರೆಂಟ್ ಬರೂದೇ ಬ್ಯಾಡ ದೇವ್ರೇ ಅಂತಿದ್ದೆ ನಾ."

ಸಂಜೆಯ ಬಸ್ಸಿನ ತನಕ ಮೆಲ್ಲಗೆ ಮಾತಾಡಿದೆವು. ಆ ಬಸ್ಸನ್ನು ಬಿಟ್ಟು, ಅದರ ನಂತರದ ಬಸ್ಸಿಗೆ ಅವಳು ಹೋದಳು.

ಎರಡು ಸಲ ಕುಂದಾಪುರ, ಒಂದು ಸೂಜಿ, ಒಂದು ಸೀರೆ, ಒಂದು ಸ್ಟಾಂಪ್ ಪ್ಯಾಡು ಕಳೆದು ನಾನು ಕಂಡುಕೊಂಡದ್ದು ಇಷ್ಟು: ಜಯಂತಿಗೆ ಬೇಕಾಗಿದ್ದದ್ದು ನಿಂತ ಪ್ರಿಂಟರು. ಅದು ಹದಿನೆಂಟು ವರ್ಷದಿಂದ ನಮ್ಮ ಅಟ್ಟದಲ್ಲಿ ತಯಾರಾಗಿಯೇ ಇತ್ತು!