ಕಣದ ಮೇಲಿನ ಬರ್ಮಾ

ನಮ್ಮ ಸೋದರಮಾವನನ್ನು ಯಾವುದಾದರೊಂದು ದೇಶ ದಂಡನಾಯಕನನ್ನಾಗಿ ಇಟ್ಟುಕೊಂಡಿದ್ದರೆ ಆ ಎರಡನೆಯ ಮಹಾಯುದ್ಧ ನಡೆಯುತ್ತಲೇ ಇರಲಿಲ್ಲ. ಎರಡೂ ಕಡೆಯ ಸೇನೆಗಳು ಇವತ್ತಿಗೂ ಮೊದಲನೆಯ ಹೊಳೆಯ ದಡದಲ್ಲಿ ಎತ್ತು ಬಿಚ್ಚಿಕೊಂಡು, ನೀರು ಇಳಿಯಲಿ ಎಂದು ಕಾಯುತ್ತಾ ಕೂತಿರುತ್ತಿದ್ದವು! ನೀವು ನಗುತ್ತೀರಿ. ನಾನೂ ನಕ್ಕಿದ್ದೇನೆ, ಆದರೆ ಅವನ ಎದುರಿಗಲ್ಲ. ಎದುರಿಗೆ ನಕ್ಕವರಿಗೆ ಅವನು ತನ್ನ ಆಟದಲ್ಲಿ ಸಹರಾ ಮರುಭೂಮಿಯನ್ನು ಕೊಡುತ್ತಿದ್ದ. ಮರುಭೂಮಿ ಸಿಕ್ಕವರಿಗೆ ಅದನ್ನು ದಾಟುವತನಕ ಕುಡಿಯಲು ತೊಟ್ಟು ನೀರಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವವನು, ಅದರಿಂದಲೇ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ನಾನು ಆಡಿದೆನೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ ಜಾಣ ಮಾತು, ಹಳೆಯ ಪುಟ ತೆರೆದರೆ ಬೇರೆ ಯಾರದೋ ಆಗಿರುತ್ತದೆ. ಹಾಗಾಗಿ ಮಾವನ ವಿಷಯದಲ್ಲಿ ನಾನು ಎಬ್ಬಿಸುವ ಬೆಟ್ಟಗಳ ಎತ್ತರವನ್ನು ನೀವು ಸ್ವಲ್ಪ ಇಳಿಸಿಕೊಂಡೇ ಓದಿ.

ಮಾವನ ಊರು ಕೆರಗೋಡಿನ ಹತ್ತಿರದ ಒಂದು ಹಳ್ಳಿ. ನಾನಾಗ ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದೆ. ರಜೆ ಬಂತೆಂದರೆ ಅಲ್ಲಿಗೇ ಓಟ. ಮನೆಯಲ್ಲಿದ್ದವರು ಮಾವ, ಅತ್ತೆ, ಅಜ್ಜಿ. ಅಜ್ಜಿಯ ಕಿರಿಮಗ, ನಮ್ಮ ಚಿಕ್ಕಮಾವ, ಸೈನ್ಯದ ಲಾರಿ ಓಡಿಸುತ್ತೇನೆಂದು ಸೇರಿ ಬರ್ಮಾಕ್ಕೆ ಹೋಗಿದ್ದ. ರಂಗೂನು ಬಿದ್ದಿತೆಂಬ ಸುದ್ದಿ ಬಂದ ಮೇಲೆ ಅವನಿಂದ ಒಂದಕ್ಷರವೂ ಇಲ್ಲ. ಇದ್ದಾನೋ ಇಲ್ಲವೋ ಎಂಬುದು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳದ, ಆದರೆ ಮುದ್ದೆ ಮುರಿಯುವಾಗಲೂ ಎಲ್ಲರ ಗಂಟಲಲ್ಲಿ ಇದ್ದ ಪ್ರಶ್ನೆ. ಹೀಗಿರುವಾಗ ಮನೆಯ ಯಜಮಾನನಾದವನು ಏನು ಮಾಡಬೇಕು? ನಮ್ಮ ಮಾವ ಕಣದಲ್ಲಿ ಕೂತು ಯುದ್ಧದಾಟ ಆಡುತ್ತಿದ್ದ!

ಆಟ ಶುರುವಾದದ್ದು ಅದಕ್ಕೂ ಮುಂಚೆ, ಶಾಲೆಯ ಗೋಡೆಯ ಮೇಲಿನ ನಕಾಶೆಯಿಂದ. ಮೇಷ್ಟ್ರು ಬೆತ್ತದಿಂದ ಯೂರೋಪನ್ನು ತೋರಿಸಿ, ಜರ್ಮನಿಯವರು ಇಲ್ಲಿಂದ ಇಲ್ಲಿಗೆ ಬಂದರು ಅಂದರಂತೆ. ಮಾವ ಹತ್ತಿರ ಹೋಗಿ ಗೋಡೆಯನ್ನು ಅಂಗೈಯಿಂದ ಸವರಿ, ಇದರಲ್ಲಿ ಏರೆಲ್ಲಿ, ಇಳಿಜಾರೆಲ್ಲಿ, ಗಾಡಿ ಹೂತುಕೊಳ್ಳುವ ಜಾಗ ಎಲ್ಲಿ ಎಂದು ಕೇಳಿದನಂತೆ. ಅವನು ಹಲಗೂರಿನ ಕಡೆಗೆ ಬೆಲ್ಲದ ಗಾಡಿ ಹೊಡೆದವನು. ಶಿಂಷಾ ತುಂಬಿ ಬಂದಾಗ ದಡದಲ್ಲೇ ಕೂತು, ಹೇರಿದ ಬೆಲ್ಲ ಕರಗಿ ಅಚ್ಚಿನ ಮೇಲೆ ಸೋರುವುದನ್ನು ನೋಡಿದವನು. ಗಾಡಿ ಹೋಗದ ಕಡೆಗೆ ಗೋರ್ಮೆಂಟೂ ಹೋಗಲಾರದು ಎಂಬುದು ಅವನ ಸಿದ್ಧಾಂತ. ಚಪ್ಪಟೆ ನಕಾಶೆಯನ್ನು ನೋಡಿ ಯುದ್ಧದ ಮಾತಾಡುವುದು, ಅವನ ಪ್ರಕಾರ, ಹೆಣ್ಣಿನ ಫೋಟೋ ನೋಡಿ ಅಡಿಗೆಯ ರುಚಿ ಹೇಳಿದ ಹಾಗೆ.

ಸುಗ್ಗಿ ಮುಗಿದು ಬರಿದಾಗಿದ್ದ ಕಣವೇ ಅವನಿಗೆ ಸಿಕ್ಕ ಜಗತ್ತು. ಹುತ್ತದ ಮಣ್ಣಿನಿಂದ ಬೆಟ್ಟ ಮಾಡಿದ, ಹೊಳೆಯ ಮರಳಿನಿಂದ ಮರುಭೂಮಿ, ಸುಣ್ಣದಿಂದ ರಷ್ಯದ ಹಿಮ. ಅತ್ತೆ ಬಟ್ಟೆಗೆ ಹಾಕಲು ಇಟ್ಟಿದ್ದ ನೀಲಿಯೆಲ್ಲ ಅಟ್ಲಾಂಟಿಕ್ ಸಾಗರಕ್ಕೆ ಹೋಯಿತು. ಆ ವರ್ಷ ನಮ್ಮೆಲ್ಲರ ಪಂಚೆ ಬೆಳ್ಳಗಾಗಲಿಲ್ಲ. ಬೆಟ್ಟ ಎಷ್ಟೆತ್ತರ ಎಂದು ಅವನನ್ನು ಕೇಳಬಾರದು. ಅವನು ಕಂಡಿದ್ದು ಹಲಗೂರಿನ ಆಚೆಯ ಬೆಟ್ಟ ಒಂದೇ. ಆಲ್ಪ್ಸಿಗೂ ಅದೇ ಅಳತೆ, ಹಿಮಾಲಯಕ್ಕೂ ಅದೇ ಅಳತೆ. ಅವನ ಫ್ರಾನ್ಸಿನಲ್ಲಿ ಈಚಲ ಮರಗಳೂ ಇದ್ದವು ಅಂತ ನನ್ನ ನೆನಪು. ಇದನ್ನು ಮಾತ್ರ ನಾನೇ ಸೇರಿಸಿರಬಹುದು.

ಹುರುಳಿ ಜರ್ಮನಿ, ಅವರೆಕಾಳು ಇಂಗ್ಲಿಷರು, ತೊಗರಿ ಜಪಾನು, ಹುಣಸೆಬೀಜ ರಷ್ಯ. ಚೌಕಾಬಾರದ ಕವಡೆ ಎಸೆಯುವುದು. ಎಷ್ಟು ಬಿತ್ತೋ ಅಷ್ಟು ಗೇಣು ನಡೆಯುವುದು. ಆದರೆ ಅದು ಬಯಲಿನಲ್ಲಿ. ಏರು ಬಂದರೆ ಗೇಣು ಬೆರಳಾಗುತ್ತಿತ್ತು. ಹೊಳೆ ಬಂದರೆ ಗರ, ಅಂದರೆ ನಾಲ್ಕೋ ಎಂಟೋ, ಬೀಳುವತನಕ ಕಾಯಬೇಕು. ಕೆಸರು ಬಂದರಂತೂ ಮುಗಿಯಿತು: ಆಟಗಾರ ಎದ್ದು ಹೋಗಿ, ಹಿತ್ತಲಿನ ಆಚೆಯ ಗದ್ದೆಯ ಕೆಸರಿನಲ್ಲಿ ಒಂದು ಸುತ್ತು ನಡೆದು, ಮೊಣಕಾಲುದ್ದ ಸಾಕ್ಷಿ ತಂದು ತೋರಿಸಿದ ಮೇಲೆಯೇ ಅವನ ಸೇನೆ ಒಂದು ಬೆರಳು ಸರಿಯುವುದು. ಮೇಷ್ಟ್ರು ಮಡಿ ಪಂಚೆಯವರು. ಅವರು ಪೋಲೆಂಡಿನ ಜವುಗು ಕಂಡ ಕೂಡಲೇ ಸಂಧಿಗೆ ಒಪ್ಪಿಬಿಡುತ್ತಿದ್ದರು. ಪ್ರಪಂಚದ ದೊರೆಗಳೂ ಹೀಗೆ ಪಂಚೆಯ ಮೇಲೆ ಪ್ರೀತಿ ಇಟ್ಟುಕೊಂಡಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ!

ಎಲ್ಲಕ್ಕಿಂತ ಘೋರವಾದದ್ದು ಊಟದ ಕಾನೂನು. ಸೇನೆ ಊರಿನಿಂದ ದೂರ ಹೋದಷ್ಟೂ ಪ್ರತಿ ಆಟಕ್ಕೆ ಒಂದಿಷ್ಟು ಕಾಳನ್ನು ಅತ್ತೆಯ ಮೊರಕ್ಕೆ ಹಾಕಬೇಕು, ಏಕೆಂದರೆ ದೂರ ಹೋದವರು ಹೆಚ್ಚು ಉಣ್ಣುತ್ತಾರೆ. ಒಂದು ಸಲ ನಾನು ಜರ್ಮನಿಯಾಗಿ, ಪುಸ್ತಕದಲ್ಲಿ ಓದಿದ ಯುಕ್ತಿಗಳನ್ನೆಲ್ಲ ಹೂಡಿ, ರಷ್ಯದ ಸುಣ್ಣದ ನಡುವಿನತನಕ ನುಗ್ಗಿದೆ. ಹಿಂದಿರುಗಿ ನೋಡಿದರೆ ನನ್ನ ಹಿಂದೆ ಯಾರೂ ಇಲ್ಲ, ಎಲ್ಲ ಮೊರದಲ್ಲಿದ್ದಾರೆ. ಆ ಸಂಜೆ ಜರ್ಮನಿಯನ್ನು ಬಸ್ಸಾರು ಮಾಡಿಕೊಂಡು ಎಲ್ಲರೂ ಮುದ್ದೆ ಉಂಡೆವು. ಉಪ್ಪು ಸ್ವಲ್ಪ ಮುಂದಾಗಿತ್ತು.

ಸುದ್ದಿ ಹೇಗೋ ಮಂಡ್ಯ ಮುಟ್ಟಿತು. ಹಳ್ಳಿಯವನೊಬ್ಬ ಜಪಾನಿನವರಿಗೆ ನಕಾಶೆ ಮಾಡಿಕೊಡುತ್ತಿದ್ದಾನೆಂದು ಯಾರೋ ಊದಿದ್ದರು. ಒಬ್ಬ ಪೇದೆ ಸೈಕಲ್ಲಿನಲ್ಲಿ ಬಂದು, ಇದೇನು, ಅದೇನು ಎಂದು ಗದರಿಸಿ ಕೇಳಿದ. ಮಾವ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಅವನ ಕೈಗೆ ಕವಡೆ ಕೊಟ್ಟ. ಉಳಿದಿದ್ದದ್ದು ತೊಗರಿ ಮಾತ್ರ. ಹೊತ್ತು ಇಳಿಯುವಾಗ ಸರ್ಕಾರದ ಪೇದೆ ಬೂಟು ಬಿಚ್ಚಿಟ್ಟು, ನಿಕ್ಕರು ಮಡಿಸಿಕೊಂಡು, ಜಪಾನಿನ ಪರವಾಗಿ ನಮ್ಮ ಗದ್ದೆಯ ಕೆಸರು ತುಳಿಯುತ್ತಿದ್ದ. ಆಮೇಲೆ ಅವನು ಮೇಲಕ್ಕೆ ಏನು ವರದಿ ಕೊಟ್ಟನೋ ತಿಳಿಯದು. ಮುಂದಿನ ವಾರ ಮಾತ್ರ ತಪ್ಪದೆ ಬಂದ. ಸೋತದ್ದನ್ನು ಅವನಿಗೆ ಸಹಿಸಲಾಗಿರಲಿಲ್ಲ.

ರಂಗೂನು ಬಿದ್ದ ಆ ಬೇಸಿಗೆಯ ರಜೆಗೆ ನಾನು ಹೋದಾಗ ಯೂರೋಪಿನಲ್ಲಿ ಕೋಳಿ ಕೆರೆಯುತ್ತಿತ್ತು, ಕೇಳುವವರಿಲ್ಲ. ಮಾವ ಕಣದ ಮೂಡಲ ಕಡೆಯಲ್ಲೆಲ್ಲ ಹೊಸದಾಗಿ ಬೆಟ್ಟ ಎಬ್ಬಿಸಿದ್ದ. ಬರ್ಮಾದಿಂದ ಜನ ಬೆಟ್ಟ ಹತ್ತಿ, ಕಾಡು ದಾಟಿ, ಅಸ್ಸಾಮಿಗೆ ನಡೆದು ಬರುತ್ತಿದ್ದಾರೆಂದು ಪೇಪರಿನಲ್ಲಿ ಬಂದಿತ್ತು. ಮೇಷ್ಟ್ರಿಂದ ಅದನ್ನು ಓದಿಸಿ ಓದಿಸಿ ಕೇಳಿ, ಬೆಟ್ಟಗಳ ಸಾಲನ್ನು ಕೂರಿಸಿದ್ದ. ಪಡುವಲ ತುದಿಯಲ್ಲಿ, ಜಗಲಿಯ ಕಾಲಬುಡದಲ್ಲಿ, ನಮ್ಮೂರು. ನಡುವಿನ ಬರಿ ನೆಲ ಬಂಗಾಳಕೊಲ್ಲಿ. ಕಾಳಿನ ಸೇನೆಗಳ ನಡುವೆ ಒಂದೇ ಒಂದು ಗುಲಗಂಜಿ, ಕೆಂಪು ಮೈ, ಕರಿ ತಲೆ. ಅದು ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಸಂಜೆ ದೀಪ ಹಚ್ಚುವ ಮುಂಚೆ ಅಜ್ಜಿ ಜಗಲಿಗೆ ಬಂದು ಕೂರುತ್ತಿದ್ದಳು.

"ಇವತ್ತು ಎಲ್ಲವ್ನ್ಲಾ ನಮ್ಮುಡ್ಗ?"

"ಎರಡ್ನೇ ಬೆಟ್ಟದ ಬುಡದಲ್ಲವ್ನೆ ಕಣವ್ವ."

"ಉಂಡ್ನಾ?"

"ಉಂಡ ಕಣವ್ವ." ಗುಲಗಂಜಿಯ ಪಕ್ಕದಲ್ಲಿ ಮಾವ ದಿನವೂ ಒಂದು ಅವರೆಕಾಳು ಇಟ್ಟಿರುತ್ತಿದ್ದ. ಅದನ್ನು ಕಣ್ಣಿಂದ ನೋಡಿದ ಮೇಲೆಯೇ ಅಜ್ಜಿ ತಾನು ಉಣ್ಣಲು ಏಳುತ್ತಿದ್ದಳು.

ಇದೊಂದು ಕಾಯಿಯ ವಿಷಯದಲ್ಲಾದರೂ ಮಾವ ಸ್ವಲ್ಪ ಸಡಿಲ ಬಿಡುತ್ತಾನೆಂದು ನಾವೆಲ್ಲ ಅಂದುಕೊಂಡಿದ್ದೆವು. ಇಲ್ಲ! ಏರಿದ್ದರೆ ಬೆರಳು, ಹೊಳೆಯಿದ್ದರೆ ಕಾಯುವುದು. ಹೊಳೆಯ ದಡದಲ್ಲಿ ಗರ ಬೀಳದ ದಿನ ಚಿಕ್ಕಮಾವ ನಿಂತಲ್ಲೇ ನಿಂತ. ಕೆಸರು ಸಿಕ್ಕಿದ ದಿನ ಮಾವನೇ ಗದ್ದೆಗಿಳಿದು, ತಮ್ಮನ ಪಾಲಿನ ಕೆಸರು ತುಳಿದು ಬಂದ. ನೋಡಲಾರದೆ ಮೇಷ್ಟ್ರು ಒಂದು ದಿನ ಅವನನ್ನು ಪಕ್ಕಕ್ಕೆ ಕರೆದು, ಸುಮ್ಮನೆ ಎತ್ತಿ ಕಲ್ಕತ್ತೆಯ ಹತ್ತಿರ ಇಟ್ಟುಬಿಡಯ್ಯಾ, ಮುದುಕಿಗೆ ಸಮಾಧಾನವಾದೀತು ಅಂದರು.

ಮಾವ ಕೈಯಲ್ಲಿದ್ದ ಕವಡೆಗಳನ್ನು ನೋಡುತ್ತಾ ಹೇಳಿದ: "ಅವ್ವುಂಗೆ ಸುಳ್ಳು ಯೋಳಬೌದು ಮೇಷ್ಟ್ರೇ. ಅಂಗೆ ಎತ್ತಿಟ್ರೆ ಅವನು ಅಲ್ಲಿ ಹತ್ತಿದ ಬೆಟ್ಟ ಎಲ್ಲ ಇಲ್ಲ ಅಂದಂಗಾಯ್ತದೆ."

ಮೇಷ್ಟ್ರು ಮತ್ತೆ ಆ ಮಾತೆತ್ತಲಿಲ್ಲ. ನಾನಂತೂ ಮಾವನ ಮಾತನ್ನು ಅವತ್ತೇ ಬರೆದಿಟ್ಟುಕೊಂಡೆ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಅದನ್ನು ನಾನೇ ಹೇಳಿದ್ದೆಂದು ನಂಬಿಬಿಟ್ಟಿರುತ್ತಿದ್ದೆ.

ಮುಂಗಾರು ಹಿಡಿಯಿತು. ಯೂರೋಪು, ರಷ್ಯ, ಸಹರಾ ಎಲ್ಲ ಒಂದೇ ರಾಡಿಯಾಗಿ ತಿಪ್ಪೆಯ ಕಡೆಗೆ ಹರಿದುಹೋದವು. ಮಾವ ಬರ್ಮಾದಿಂದ ಜಗಲಿಯವರೆಗೆ ತೆಂಗಿನ ಗರಿಯ ಚಪ್ಪರ ಹಾಕಿ ಬೆಟ್ಟಗಳನ್ನು ಉಳಿಸಿಕೊಂಡ. ಆದರೆ ಉಳಿಸಿಕೊಂಡು ಏನು ಬಂತು? ಅವನೇ ಮಾಡಿದ ಇನ್ನೊಂದು ಕಾನೂನಿತ್ತಲ್ಲ: ಮಳೆಗಾಲದಲ್ಲಿ ಬೆಟ್ಟದ ದಾರಿ ಬಂದ್. ಶಿಂಷಾ ದಡದಲ್ಲಿ ಬೆಲ್ಲ ಕರಗಿದ ದಿನ ಹುಟ್ಟಿದ ಕಾನೂನು ಅದು. ಎಷ್ಟೋ ಸಲ ನಮ್ಮನ್ನೆಲ್ಲ ಅದರಿಂದಲೇ ಸೋಲಿಸಿದ್ದ. ಬರ್ಮಾದಲ್ಲೂ ಮಳೆ ಸುರಿಯುತ್ತಿದೆಯೆಂದು ಪೇಪರು ಹೇಳಿತು. ಗುಲಗಂಜಿ ಮೂರನೆಯ ಬೆಟ್ಟದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು.

ಎಲ್ಲವ್ನ್ಲಾ ಎಂದು ಅಜ್ಜಿ ಕೇಳುವಳು. ಅಲ್ಲೇ ಅವ್ನೆ, ಮಳೆ ಕಣವ್ವ ಎಂದು ಮಾವ ಹೇಳುವನು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಆಮೇಲೆ ಅಜ್ಜಿ ಕೇಳುವುದನ್ನೇ ಬಿಟ್ಟಳು. ಜಗಲಿಗೂ ಬರಲಿಲ್ಲ. ಅತ್ತೆ ತಟ್ಟೆ ಒಳಗೇ ಒಯ್ದು ಕೊಟ್ಟರೆ ಮುದ್ದೆ ಹಾಗೆಯೇ ವಾಪಸ್ಸು ಬರತೊಡಗಿತು. ಅತ್ತೆ ಗಂಡನನ್ನು ಬಯ್ದಳು, ನಿನ್ನ ಕಾನೂನಿಗೆ ಬೆಂಕಿ ಬೀಳ ಅಂದಳು. ಮಾವ ಚಪ್ಪರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಬೆಟ್ಟವನ್ನೇ ನೋಡುತ್ತಿದ್ದ. ಮುಖ ಬೆಳೆ ಕೊಚ್ಚಿಹೋದವನ ಹಾಗಿತ್ತು. ಒಬ್ಬ ಮನುಷ್ಯ ತನ್ನ ಆಟಕ್ಕೇ ಹೀಗೆ ಸೆರೆ ಸಿಕ್ಕಬಹುದೆಂದು ನನ್ನ ಯಾವ ಇತಿಹಾಸದ ಪುಸ್ತಕವೂ ಹೇಳಿರಲಿಲ್ಲ.

ನಾನು ಮೈಸೂರಿಗೆ ಹೊರಡುವ ಹಿಂದಿನ ಸಂಜೆ ಅಜ್ಜಿ ಎದ್ದು ಬಂದಳು. ಕೈಯಲ್ಲಿ ಏನೋ ಮುಚ್ಚಿಕೊಂಡಿದ್ದಳು. ಚಪ್ಪರದ ಕೆಳಗೆ ಬಗ್ಗಿ, ಬೆರಳು ಬಿಡಿಸಿ, ಗುಲಗಂಜಿಯ ತಲೆಯ ಮೇಲೆ ಇಟ್ಟಳು. ಕರಿ ಕಂಬಳಿಯ ಅಂಚು ಕತ್ತರಿಸಿ ಮಡಿಸಿ ಹೊಲಿದ ಒಂದು ಪುಟ್ಟ ಕೊಪ್ಪೆ. ಮಳೆಯಲ್ಲಿ ಗದ್ದೆಗೆ ಹೋಗುವಾಗ ನಮ್ಮ ಕಡೆಯವರು ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುತ್ತಾರಲ್ಲ, ಅದೇ, ಆದರೆ ಉಗುರಿನಷ್ಟು.

"ಮಳೆ ಅಂತ ನಮ್ಮೂರಲ್ಲಿ ಯಾವನ್ಲಾ ಮನೇಲಿ ಕುಂತವ್ನೆ?" ಅಂದಳು. "ನಿಮ್ಮಪ್ಪ ಕೊಪ್ಪೆ ಆಕ್ಕೊಂಡು ನಾಟಿಗೆ ಓಯ್ತಿರ್ನಿಲ್ವಾ? ಇವನೂ ಬತ್ತಾನೆ, ಬುಡು."

ಮಾವ ಕೊಪ್ಪೆಯ ಅಂಚನ್ನು ಬೆರಳ ತುದಿಯಿಂದ ಸರಿಮಾಡಿದ. ಆಮೇಲೆ ಮೇಷ್ಟ್ರಿಗೂ ನನಗೂ ಆ ವಾರದ ಆಟಕ್ಕೆ ಬಂದಿದ್ದ ಪೇದೆಗೂ ಕೇಳುವ ಹಾಗೆ, ಇವತ್ತಿನಿಂದ ಕೊಪ್ಪೆ ಇರುವವರಿಗೆ ಮಳೆಗಾಲದಲ್ಲೂ ಬೆಟ್ಟದಲ್ಲಿ ದಿನಕ್ಕೆ ಒಂದು ಬೆರಳು ಎಂದು ಸಾರಿದ. ಪೇದೆ ಕೂಡಲೇ ತನ್ನ ತೊಗರಿಗೂ ಕೊಪ್ಪೆ ಬೇಕೆಂದು ತಕರಾರು ತೆಗೆದ. ಹೊಲಿದುಕೊಡಲು ನಿಮ್ಮವ್ವನನ್ನು ಕರೆದುಕೊಂಡು ಬಾ ಅಂದ ಮಾವ. ಆ ಸಂಜೆ ಗುಲಗಂಜಿ ಒಂದು ಬೆರಳು ಸರಿಯಿತು. ಅಜ್ಜಿ ಅರ್ಧ ಮುದ್ದೆ ಉಂಡಳು.

ದಸರಾ ರಜೆಗೆ ನಾನು ಬಂದಾಗ ಮಾವನ ಲೆಕ್ಕದಲ್ಲಿ ಚಿಕ್ಕಮಾವ ಇನ್ನೂ ಕೊನೆಯ ಬೆಟ್ಟ ಇಳಿಯುತ್ತಿದ್ದ. ಸುಗ್ಗಿಗೆ ಕಣ ಬೇಕು, ಬೇಗ ಇಳಿಸು ಎಂದು ಅತ್ತೆ ಕೂಗಾಡುತ್ತಿದ್ದಳು. ಅಷ್ಟು ಕೂಗಾಡುವವಳು ತಾನೇ ಬೆಳಗ್ಗೆ ಬೆಟ್ಟಗಳ ಬಿರುಕಿಗೆ ಸಗಣಿ ಸಾರಿಸುತ್ತಿದ್ದುದನ್ನೂ ನಾನು ಕಂಡೆ. ಅಜ್ಜಿ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದಳು. ಮಾವ ಚೊಂಬಿನಿಂದ ಬ್ರಹ್ಮಪುತ್ರಕ್ಕೆ ನೀರು ಬಿಡುತ್ತಿದ್ದ. ಮೇಷ್ಟ್ರೂ ಬಂದಿದ್ದರು. ನಾನು ನಡುವೆ ಕಾಲು ಚಾಚಿ ಕೂತಿದ್ದೆ.

ಇನ್ನು ಮುಂದಿನದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಚಿಕ್ಕಮಾವ ಕಣವನ್ನು ಸುತ್ತಿಕೊಂಡು ಬಂದ ಅಂತಲೇ ಅತ್ತೆ ಇವತ್ತಿಗೂ ಹೇಳುತ್ತಾಳೆ. ಅವತ್ತಿನ ನನ್ನ ದಿನಚರಿಯಲ್ಲಿರುವುದು 'ಬಂದ' ಎಂಬ ಒಂದೇ ಮಾತು. ನನ್ನ ಕಣ್ಣಿಗೆ ಕಟ್ಟಿರುವುದು ಇಷ್ಟು: ಮಂಡ್ಯದ ಕಡೆಯ ದಾರಿಯಿಂದ, ಕಣದ ಮೂಡಲ ಅಂಚಿಗೆ ಒಬ್ಬ ಮನುಷ್ಯ ಬಂದು ನಿಂತ. ಸೊರಗಿ ಕಡ್ಡಿಯಾಗಿದ್ದ, ತಲೆ ಬೋಳಿಸಿತ್ತು, ಯಾರದೋ ದೊಡ್ಡ ಅಂಗಿ ತೊಟ್ಟಿದ್ದ. ಅವನು ನಮ್ಮನ್ನು ನೋಡಲಿಲ್ಲ, ನೆಲ ನೋಡಲಿಲ್ಲ. ಜಗಲಿಯನ್ನು ನೋಡಿದ. ಅಲ್ಲಿ ಅಜ್ಜಿ ಮೊರ ಕೆಳಗಿಟ್ಟು ಏಳುತ್ತಿದ್ದಳು, ಕಂಬ ಹಿಡಿದುಕೊಂಡು.

ಅವನು ನೇರವಾಗಿ ನಡೆದ. ಬರಿಗಾಲು ಮೊದಲನೆಯ ಬೆಟ್ಟದ ಮೇಲೆ ಬಿತ್ತು, ಹುತ್ತದ ಮಣ್ಣು ಪುಡಿಯಾಯಿತು. ಮುಂದಿನ ಹೆಜ್ಜೆಗೆ ಇನ್ನೆರಡು ಬೆಟ್ಟ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಮಾವ ಚೊಂಬನ್ನು ಹಾಗೆಯೇ ಬಿಟ್ಟ. ಬ್ರಹ್ಮಪುತ್ರ ದಡ ಮೀರಿ ಅವನ ಪಂಚೆಗೆ ಹರಿಯಿತು. ಅವನು ತಮ್ಮನ ಪಾದಗಳನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಲೇ, ದಾರಿ ಬುಡ್ಲಾ," ಅಂದ.

ನಾನು ಬಂಗಾಳಕೊಲ್ಲಿಯಿಂದ ಎದ್ದು ಪಕ್ಕಕ್ಕೆ ನಿಂತೆ.