ಹೆಬ್ಬೆಟ್ಟು ಒತ್ತಿ ತಂದ ಸೀಡಿ

ಸೀಡಿಯ ನಡುವಿನ ತೂತು ಸರಿಯಾಗಿ ಹದಿನೈದು ಮಿಲಿಮೀಟರು ಅಗಲ. ಅದರೊಳಗಿಂದ ಸಣಬಿನ ದಾರವನ್ನು ಎರಡು ಸುತ್ತು ತೆಗೆದು ಗಂಟು ಹಾಕಿ, ಹೊಲದಲ್ಲಿ ನೆಟ್ಟ ಕೋಲಿಗೆ ಕಟ್ಟಿದರೆ ಅದು ಗಾಳಿಗೆ ತಿರುಗುತ್ತಾ ಬಿಸಿಲಿಗೆ ಥಳಥಳಿಸುತ್ತದೆ. ತೆನೆಯ ಹತ್ತಿರ ಗಿಳಿ ಸುಳಿಯುವುದಿಲ್ಲ. ವಾಣಿಜ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೊಂದು ಕಂಪ್ಯೂಟರ್ ಡಿಪ್ಲೊಮಾ ಪಡೆದ ನನಗೆ ಈ ಉಪಯೋಗವನ್ನು ಯಾವ ಗುರುಗಳೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೆ ಆ ಟಿಪ್ಪಣಿಯನ್ನು ಸ್ವಲ್ಪ ಬೇರೆ ರೀತಿ ಬರೆಯುತ್ತಿದ್ದೆನೋ ಏನೋ.

ಟಿಪ್ಪಣಿ ಬರೆಯುವುದು ನನ್ನ ಹಳೆಯ ರೋಗ. ನಾನು ಕಡಿಮೆ ಮಾತಿನವಳು. ಎದುರಿಗೆ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದಿಟ್ಟು ಅಲ್ಲಿಂದ ಜಾಗ ಖಾಲಿ ಮಾಡುವುದು ನನಗೆ ಸುಲಭ. ಮನೆಯಲ್ಲಿ ಸಕ್ಕರೆ ಡಬ್ಬಿಯ ಮೇಲೆ ‘ಮುಗಿಯುತ್ತಾ ಬಂದಿದೆ’ ಎಂದು ಬರೆದು ಅಂಟಿಸಿದ್ದಕ್ಕೆ ನಮ್ಮವ್ವ, “ಬಾಯಿ ಇಲ್ಲೇನ ನಿನಗ?” ಎಂದು ಕೇಳಿದ್ದಳು. ಆ ಪ್ರಶ್ನೆಗೂ ಉತ್ತರವನ್ನು ಬರೆದೇ ಕೊಡೋಣ ಎನಿಸಿತ್ತು, ಧೈರ್ಯ ಸಾಲಲಿಲ್ಲ.

ಇಂಥ ನನ್ನನ್ನು ಶಹಾಪುರದ ರೈತರ ಸಹಕಾರ ಸಂಘವೊಂದು ಕಂಪ್ಯೂಟರ್ ಕಲಿಸಲು ಮೂರು ತಿಂಗಳ ಮಟ್ಟಿಗೆ ಕರೆದುಕೊಂಡಿತು. ಆಗ ಇಂಟರ್ನೆಟ್ ಎಂದರೆ ಟೆಲಿಫೋನ್ ತಂತಿಯೊಳಗಿಂದ ಕುಂಯ್ ಕುಂಯ್ ಎಂದು ಅಳುತ್ತಾ ಬರುವ ವಸ್ತು. ಬಂದರೂ ಅರ್ಧ ದಾರಿಗೇ ಸುಸ್ತಾಗಿ ಕೂತುಬಿಡುತ್ತಿತ್ತು. ಸಂಘದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದನ್ನು ನಡೆಸುವ ತಂತ್ರಾಂಶದ ವ್ಯವಸ್ಥೆ ಯಾರೋ ಯಾರಿಂದಲೋ ನಕಲು ಮಾಡಿ ತಂದು ಹಾಕಿದ್ದು. ಅದರಲ್ಲಿ ವೈರಸ್‌ಗಳು ಹಳೆಯ ಬಾಡಿಗೆದಾರರಂತೆ ನೆಮ್ಮದಿಯಾಗಿ ನೆಲೆಸಿದ್ದವು. ಯಾದಗಿರಿಯ ಮೇಲಿನ ಕಚೇರಿಯಿಂದ ಆದೇಶ ಬಂತು: ಇನ್ನು ನಕಲು ಮಾಲು ಬೇಡ, ಮುಕ್ತವಾಗಿ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿ, ಅದರಲ್ಲೇ ಪತ್ರ, ದಾಸ್ತಾನು ಪಟ್ಟಿ ಮಾಡಲು ನೌಕರರಿಗೆ ಕಲಿಸಿ, ಪರೀಕ್ಷೆ ನಡೆಸುತ್ತೇವೆ, ಪಾಸಾದ ಹಂಗಾಮಿ ನೌಕರರನ್ನು ಕಾಯಂ ಮಾಡುತ್ತೇವೆ, ಉಳಿದವರನ್ನು ಬಿಡುತ್ತೇವೆ.

‘ಹಂಗಾಮಿ ನೌಕರರು’ ಎಂಬ ಬಹುವಚನದಲ್ಲಿ ಇದ್ದದ್ದು ಇಬ್ಬರೇ. ಒಬ್ಬಳು ನಾನು. ಕಲಿಸುವವಳಿಗೂ ಪರೀಕ್ಷೆ ಉಂಟೆಂಬುದು ನನಗೆ ಆಮೇಲೆ ತಿಳಿಯಿತು. ಇನ್ನೊಬ್ಬರು ಶಾಂತಕ್ಕ. ಅವರ ಗಂಡ ಸಂಘದ ಗೋದಾಮಿನ ಕಾವಲುಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಶಾಂತಕ್ಕನಿಗೆ ಟಪಾಲು ಬರೆಯುವ ಹಂಗಾಮಿ ಕೆಲಸ ಸಿಕ್ಕಿತ್ತು. ನಾಲ್ಕು ವರ್ಷದಿಂದ ಅವರು ಪ್ರತಿ ತಿಂಗಳ ಕೊನೆಗೆ, “ಮುಂದಿನ ತಿಂಗಳಾ ಬರಬೇಕಲ್ರಿ ಸಾಹೇಬ್ರ?” ಎಂದು ಕಾರ್ಯದರ್ಶಿಗಳನ್ನು ಕೇಳಿಯೇ ಮನೆಗೆ ಹೋಗುತ್ತಿದ್ದರು. ಆ ಪ್ರಶ್ನೆಯನ್ನು ಇನ್ನು ಕೇಳದಂತಾಗಲಿ ಎಂಬುದೊಂದೇ ಅವರಿಗೆ ಈ ಪರೀಕ್ಷೆಯಿಂದ ಬೇಕಿದ್ದದ್ದು.

ವಿದೇಶದ ಯಾರೋ ಪುಣ್ಯಾತ್ಮರು ಲಿನಕ್ಸ್ ಸೀಡಿಯನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ನಾನು ಒಂದನ್ನು ಕೇಳಿ ಬರೆದೆ, ಇಪ್ಪತ್ತನಾಲ್ಕು ಬಂದವು. ಒಂದನ್ನು ತೆಗೆದು ಕಂಪ್ಯೂಟರಿಗೆ ಲಿನಕ್ಸ್ ಕೂರಿಸಿ, ಆ ಸೀಡಿಯನ್ನು ಮತ್ತೆ ಪೆಟ್ಟಿಗೆಯಲ್ಲಿ ಅದರದೇ ಜಾಗಕ್ಕೆ ಇಟ್ಟೆ. ಅಚ್ಚುಕಟ್ಟುತನ ಎಷ್ಟು ದೊಡ್ಡ ಶತ್ರು ಎಂದು ಆಗ ಗೊತ್ತಿರಲಿಲ್ಲ.

ಪಾಠ ಶುರುವಾಯಿತು. ನಾನು ಎಲ್ಲವನ್ನೂ ಅಳತೆ ಹಿಡಿದು ಕಲಿಸುವವಳು: ‘ಮೇಲಿನ ಸಾಲು, ಎಡದಿಂದ ಎರಡನೆಯದು, ಅದರಡಿ ಮೂರನೆಯದು.’ ಶಾಂತಕ್ಕ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಆದರೆ ಮೌಸ್ ಹಿಡಿಯಿರಿ ಎಂದರೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, “ನೀವ ಮುಟ್ರಿ ಮೇಡಂ. ನಾ ಮುಟ್ಟಿದ್ರ ಕೆಡ್ತದ” ಎನ್ನುತ್ತಿದ್ದರು. ಒಂದು ದಿನ ಕೇಳಿದರು, “ಇದರ ಮಾಲಕ ಯಾರ್ರಿ?”

“ಒಬ್ಬರು ಅಂತ ಇಲ್ಲ. ಯಾರಾದರೂ ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು.”

“ಹಂಗಂದ್ರ ಬೀಜದ ಜ್ವಾಳ ಇದ್ದಂಗ. ನಮ್ಮವ್ವ ಕೇಳಿದೋರಿಗೆಲ್ಲ ಕೊಡ್ತಿದ್ಳು. ಒಯ್ದಾಕಿ ಸುಗ್ಗಿ ಆದಮ್ಯಾಲ ಒಂದ್ ಬೊಗಸಿ ಹೆಚ್ಚಿಗಿ ತಂದು ಕೊಡ್ತಿದ್ಳು.”

ಹೋಲಿಕೆ ಪೂರ್ತಿ ನಿಖರವಲ್ಲ ಎಂದು ನಾನು ವಿವರಿಸಲು ಹೊರಟೆ. ಅರ್ಧ ತಾಸು ವಿವರಿಸಿದೆ. ಕೊನೆಗೆ ಅವರು ಆಕಳಿಸಿ, “ಅದನ್ನಽ ಅಲ್ರಿ ನಾ ಹೇಳಿದ್ದು?” ಎಂದರು.

ಇಷ್ಟರಲ್ಲಿ ಬಳಿಚಕ್ರದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಬಂತು. ಎರಡು ದಿನ ರಜೆ. ಹೊರಡುವ ಮುಂಚೆ ಕಾರ್ಯದರ್ಶಿ ಖಾಜಾ ಸಾಹೇಬರಿಗೆ ಸೀಡಿಗಳ ವಿಷಯ ತಿಳಿಸಬೇಕಿತ್ತು. ಬಾಗಿಲಾಚೆಯೇ ಕೂತಿದ್ದರು, ಎದ್ದು ಹೋಗಿ ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಟಿಪ್ಪಣಿ ಬರೆದೆ: ‘ಸದರಿ ಸೀಡಿಗಳನ್ನು ಯಾರಿಗೆ ಬೇಕಾದರೂ ಉಚಿತವಾಗಿ ಹಂಚಬಹುದಾಗಿದೆ. ಹಂಚಿದಷ್ಟೂ ಇದರ ಉದ್ದೇಶ ಸಫಲವಾಗುತ್ತದೆ.’ ಇದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಇವತ್ತಿಗೂ ಇಲ್ಲ.

ಆದರೆ ರೈತರ ಸಂಘಗಳಿಗೆ ಒಂದು ಪದ್ಧತಿ ಇದೆ. ಬೀಜದ ಸಣ್ಣ ಚೀಲವಿರಲಿ, ಔಷಧಿ ಅಳೆಯುವ ಮಗ್ಗು ಇರಲಿ, ಪುಕ್ಕಟೆ ಬಂದದ್ದನ್ನು ಸಂಘದಲ್ಲಿ ಉಳಿಸಿಕೊಳ್ಳುವಂತಿಲ್ಲ. ಸದಸ್ಯರನ್ನು ಕರೆದು, ರಿಜಿಸ್ಟರಿನಲ್ಲಿ ದಸ್ಕತ್ತು ಅಥವಾ ಹೆಬ್ಬೆಟ್ಟು ತೆಗೆದುಕೊಂಡು ಹಂಚಬೇಕು. ನಾನು ಬಳಿಚಕ್ರದಲ್ಲಿ ಹೋಳಿಗೆ ಉಣ್ಣುತ್ತಿದ್ದ ಹೊತ್ತಿಗೆ ಇಲ್ಲಿ ಸದಸ್ಯರ ಸಭೆ ನಡೆದಿತ್ತು.

ನನಗೆ ಇದು ತಿಳಿದದ್ದು ಪರೀಕ್ಷೆಗೆ ಮೂರು ದಿನ ಉಳಿದಿದ್ದಾಗ, ಶುಕ್ರವಾರ. ಶಾಂತಕ್ಕ ಮೊದಲ ಬಾರಿಗೆ ತಾವೇ ಮೌಸ್ ಹಿಡಿದು ಏನನ್ನೋ ಒತ್ತಿದರು. ಅದೇ ಕ್ಷಣ ಕರೆಂಟು ಹೋಯಿತು. ಮತ್ತೆ ಬಂದಾಗ ಕಂಪ್ಯೂಟರು ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಮೊದಲಿಂದ ಕೂರಿಸಿದರಾಯಿತು ಎಂದು ಪೆಟ್ಟಿಗೆ ತೆಗೆದೆ. ಖಾಲಿ.

“ಹಂಚೀನಲ್ಲ ಬೇಟಾ!” ಎಂದರು ಖಾಜಾ ಸಾಹೇಬರು ಸಂತೋಷದಿಂದ. “ಬರೋಬ್ಬರಿ ಇಪ್ಪತ್ನಾಕು ಮಂದಿ. ಒಬ್ಬರದೂ ದಸ್ಕತ್ತು ಬಿಟ್ಟಿಲ್ಲ, ನೋಡು.”

“ಒಂದನ್ನಾದರೂ ಇಟ್ಟುಕೊಳ್ಳಬಾರದಿತ್ತಾ ಸರ್?”

“ಬಂದ ಮಾಲು ಇಪ್ಪತ್ನಾಕು, ಹಂಚಿದ್ದು ಇಪ್ಪತ್ಮೂರು ಅಂದ್ರ ಆಡಿಟ್‌ನಾಂವ ನನ್ನ ಸುಮ್ನ ಬಿಡ್ತಾನೇನು?” ಎಂದು, ನನ್ನ ಟಿಪ್ಪಣಿಯನ್ನೇ ತೆಗೆದು ನನ್ನ ಮುಂದೆ ಹಿಡಿದರು. ಕೆಳಗೆ ನನ್ನ ದುಂಡನೆಯ ಸಹಿ, ದಿನಾಂಕದ ಸಮೇತ.

ಯಾದಗಿರಿಯ ಅಂಗಡಿಯೊಂದಕ್ಕೆ ಫೋನು ಮಾಡಿದೆ. ಅವರು ಲಿನಕ್ಸ್ ಹೆಸರೇ ಕೇಳಿರಲಿಲ್ಲ. ಮದುವೆಯ ವಿಡಿಯೋ ಬೇಕಾದರೆ ಹಾಕಿಕೊಡುತ್ತೇವೆ ಎಂದರು. ಶಾಂತಕ್ಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. “ಯಂತ್ರ ಏಳಲಿಲ್ಲಂದ್ರ ಪರೀಕ್ಷಾ ಇಲ್ಲ. ಪರೀಕ್ಷಾ ಇಲ್ಲಂದ್ರ ನನ್ನ ಜಾಗಾನೂ ಇಲ್ಲ. ಹೌದಲ್ರಿ? ನಾ ಹೇಳಿದ್ದೆ ನಿಮಗ, ನಾ ಮುಟ್ಟಿದ್ರ ಕೆಡ್ತದ ಅಂತ.” ನಿಮ್ಮ ತಪ್ಪಲ್ಲ ಎಂದು ಹೇಳಬೇಕಿತ್ತು. ಕೈ ತಾನಾಗಿಯೇ ಚೀಟಿಯ ಕಡೆಗೆ ಹೋಯಿತು. ನಾಚಿಕೆಯಾಗಿ ಕೈಯನ್ನು ಹಿಂದೆ ತೆಗೆದುಕೊಂಡು, ರಿಜಿಸ್ಟರಿನಿಂದ ಹೆಸರುಗಳನ್ನು ಬರೆದುಕೊಂಡೆ. ಹೆಚ್ಚಿನವರು ವನದುರ್ಗದವರು.

ಭಾನುವಾರ ಬೆಳಿಗ್ಗೆ ಇಬ್ಬರೂ ವನದುರ್ಗದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಾಲುವೆ ಜೊತೆಗೆ ಬಂತು. ನಾನು ಸಣ್ಣವಳಿದ್ದಾಗ ಅದಕ್ಕೆ ಮೊದಲ ನೀರು ಬಿಟ್ಟ ದಿನ ನೆನಪಾಯಿತು. ಒಣ ಕಾಲುವೆ ಅಲ್ಲಿಯವರೆಗೆ ನಮ್ಮ ಆಟದ ಬಯಲು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಂಡೆಗೆ ಕರೆದೊಯ್ದಿದ್ದ. ನೀರು ಹೊಳೆಯಂತೆ ಧುಮ್ಮಿಕ್ಕಿ ಬರುತ್ತದೆಂದು ಕಾದರೆ, ಅದು ನೊರೆಯ ಒಂದು ಅಂಚನ್ನು, ಒಣ ಕಡ್ಡಿ, ಹರಿದ ಚಪ್ಪಲಿಗಳನ್ನು ಮುಂದೆ ದಬ್ಬುತ್ತಾ ಹೊಸ ಸೊಸೆಯಂತೆ ಮೆಲ್ಲಗೆ ಬಂತು. ಅದರ ಜೊತೆ ಜೊತೆಗೆ ನಡೆಯುತ್ತಾ ಬಂದ ಮುದುಕರೊಬ್ಬರು, “ಬಾ ತಾಯಿ, ಬಾ” ಎನ್ನುತ್ತಿದ್ದರು. ಅದಾದ ಮೇಲೆ ಕಾಲುವೆಯ ಕೆಳಗಿನ ಹೊಲಗಳೆಲ್ಲ ಗದ್ದೆಯಾದವು. ನೀರು ಹತ್ತದ ಮೇಲಿನ ಹೊಲಗಳಲ್ಲಿ ಜೋಳವೇ ಉಳಿಯಿತು. ಶಾಂತಕ್ಕನಿಗೆ ಇದನ್ನು ಹೇಳಬೇಕೆನಿಸಿತು. ಬಸ್ಸಿಳಿಯುವವರೆಗೂ ವಾಕ್ಯ ಸಿದ್ಧವಾಗಲಿಲ್ಲ.

ಜೋಳದ ಹೊಲ ಹೊಕ್ಕರೆ ಅಲ್ಲೊಂದು ಇಲ್ಲೊಂದು ನಮ್ಮ ಸೀಡಿಗಳು ಕುಣಿಯುತ್ತಿದ್ದವು. ಗಾಳಿಗೆ ಜೋಳದ ಗರಿಗಳಿಗೆ ಉಜ್ಜಿ ಉಜ್ಜಿ ಒಂದೊಂದರ ಮೈಯೂ ಗೀರು ಗೀರಾಗಿತ್ತು. ಹೊಲದ ರೈತರೊಬ್ಬರು ಓಡಿ ಬಂದರು. “ಭಾಳ ಚಲೋ ಮಾಲು ಕೊಟ್ಟೀರಿ ಮೇಡಂ! ಒಂದ್ ಗಿಳಿ ಕೂತಿಲ್ಲ. ಎಕರೆಕ ಎಷ್ಟು ಹಾಕಬೇಕ್ರಿ ಇದನ್ನ?”

ನಾನು ಒಂದು ನಿಮಿಷ ಯೋಚಿಸಿ, “ನಾಲ್ಕು” ಎಂದೆ. ಕೇಳಿದ್ದಕ್ಕೆ ಅಂಕಿಯಲ್ಲಿ ಉತ್ತರ ಕೊಡದೆ ಬರುವುದು ನನಗಾಗುವುದಿಲ್ಲ.

ಹನ್ನೊಂದು ಸೀಡಿ ನೋಡಿದೆವು, ಹನ್ನೊಂದೂ ಕೆಲಸಕ್ಕೆ ಬಾರದವು. ಹನ್ನೆರಡನೆಯ ಹೆಸರು ದೇವಿಂದ್ರಮ್ಮ, ಹೆಬ್ಬೆಟ್ಟು. ಕೋಟೆಯ ಹತ್ತಿರದ ಮನೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ ಎಪ್ಪತ್ತರ ಮುದುಕಿ ನಮ್ಮ ಮಾತು ಕೇಳಿ ಒಳಗೆ ಹೋಗಿ ಟ್ರಂಕು ತೆರೆದಳು. ಹೊಲದ ಪಟ್ಟಾ ಕಾಗದಗಳ ನಡುವೆ, ಹಾಕಿ ಕೊಟ್ಟಿದ್ದ ಲಕೋಟೆಯಲ್ಲೇ, ಒಂದು ಗೀರಿಲ್ಲದ ಸೀಡಿ.

“ಇದನ್ನ ಯಾಕ ಟ್ರಂಕಿನಾಗ ಇಟ್ಟೀಯವ್ವ?” ಎಂದರು ಶಾಂತಕ್ಕ.

“ಹೆಬ್ಬಟ್ಟ ಒತ್ತಿ ತಗೊಂಡೀನಿ. ಹೆಬ್ಬಟ್ಟ ಒತ್ತಿ ತಗೊಂಡದ್ದು ಕಾಗದಪತ್ರ. ಹೊಲದಾಗ ನೇತಾಡ್ಸಾಕ ನನಗೇನ್ ಹುಚ್ಚು ಹಿಡದದನು?”

ಅದನ್ನು ವಾಪಸು ಕೊಡಿ ಎಂದು ಕೇಳಬೇಕಾದವಳು ನಾನು. ಶಾಂತಕ್ಕ ನನ್ನ ಮುಖ ನೋಡಿದರು. ನಾನು ಜೀವನದಲ್ಲಿ ಮೊದಲ ಬಾರಿಗೆ ಟಿಪ್ಪಣಿಯಿಲ್ಲದೆ ಹೇಳಿದೆ: “ಅವ್ವ, ಇದರಲ್ಲಿ ಇವರ ನೌಕರಿ ಇದೆ. ನನ್ನ ತಪ್ಪಿನಿಂದ ಅದು ಹೋಗೋದರಲ್ಲಿದೆ. ಕೊಡ್ತೀರಾ?”

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಒಯ್ಯಿ. ಆದ್ರ ಬೀಜ ಒಯ್ದಂಗ. ಎರಡು ತಂದು ಕೊಡಬೇಕು. ಬರಕೊಡು.”

ನನಗೆ ಆನಂದವಾಯಿತು. ಬರೆದುಕೊಡುವುದೇ ತಾನೆ ನನ್ನ ಕಸುಬು! ಅಂದವಾಗಿ ಬರೆದು ಸಹಿ ಮಾಡಿ ಕೊಟ್ಟೆ. ಅವಳು ಕಾಗದವನ್ನು ತಿರುಗಿಸಿ ನೋಡಿ, “ಈ ಗೀಚಿದ್ದು ಯಾರ್ದು ಅಂತ ನನಗೇನ್ ಗೊತ್ತು? ಹೆಬ್ಬಟ್ಟ ಒತ್ತು” ಎಂದಳು.

“ನನಗೆ ಬರೆಯಲು ಬರುತ್ತದೆ ಅವ್ವ.”

“ಬರ್ಲಿ ಬಿಡು, ಅದಕ್ಕೇನ್ ಮಾಡೂಣು? ಗೀಚೋದನ್ನ ಯಾರಾರ ಗೀಚ್ತಾರ. ಹೆಬ್ಬಟ್ಟ ಮಾತ್ರ ನಿಂದ ಇರ್ತದ.”

ವಾದದಲ್ಲಿ ಹುಳುಕು ಹುಡುಕಿದೆ, ಸಿಗಲಿಲ್ಲ. ಅವಳ ಕಾಡಿಗೆ ಡಬ್ಬಿಗೆ ಬೆರಳದ್ದಿ, ಹದಿನೇಳು ವರ್ಷ ಓದಿದ ನಾನು ಹೆಬ್ಬೆಟ್ಟು ಒತ್ತಿದೆ. ಮೊದಲನೆಯದು ಸರಿಯಾಗಿ ಮೂಡಿಲ್ಲವೆಂದು ಎರಡನೆಯದನ್ನೂ ಒತ್ತಿಸಿಕೊಂಡಳು. ಬಸ್‌ಸ್ಟಾಂಡಿನವರೆಗೂ ಶಾಂತಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಹರಳೆಣ್ಣೆಯ ಕಾಡಿಗೆ ಸುಲಭವಾಗಿ ಹೋಗುವ ವಸ್ತುವಲ್ಲ. ಒರೆಸಿಕೊಳ್ಳಲು ಹೋಗಿ ಎರಡೂ ಕೈ ಕಪ್ಪಾಯಿತು. ಕಚೇರಿ ತೆರೆಸಿ ಕಂಪ್ಯೂಟರಿನ ಮುಂದೆ ಕೂರುವಷ್ಟರಲ್ಲಿ ಶಾಂತಕ್ಕ, “ಏ ತಂಗಿ, ಮುಟ್ಟಬ್ಯಾಡ! ಎಲ್ಲಾ ಮಸಿ ಆಗ್ತದ. ಸರಿ ಅತ್ಲಾಗ” ಎಂದು ನನ್ನನ್ನು ಎಬ್ಬಿಸಿ ತಾವೇ ಕೂತರು. ಮೇಡಂ ಆಗಿದ್ದವಳು ಆ ಮಧ್ಯಾಹ್ನ ತಂಗಿಯಾದೆ. ಸೀಡಿ ಹಾಕಿದವರು ಅವರೇ, ಪರದೆಯ ಮೇಲೆ ಬಂದ ಪ್ರಶ್ನೆಗಳನ್ನು ಅಕ್ಷರ ಕೂಡಿಸಿ ಓದಿದವರು ಅವರೇ, ಒತ್ತಿದವರೂ ಅವರೇ. ನಾನು ಎರಡು ಕಪ್ಪು ಕೈಗಳನ್ನು ಮೇಲೆತ್ತಿಕೊಂಡು ಹಿಂದೆ ನಿಂತಿದ್ದೆ. ಒಂದು ತಾಸಿನ ನಂತರ ಪರದೆ ಬೆಳಗಿತು. ಅವರು ತಮ್ಮ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡು, “ಕೆಡಲಿಲ್ಲಲ್ಲ!” ಎಂದರು.

ಸೋಮವಾರ ಯಾದಗಿರಿಯಿಂದ ಪರೀಕ್ಷಕರು ಬಂದರು. ಪ್ರಶ್ನೆಪತ್ರಿಕೆ ಹಳೆಯ ವ್ಯವಸ್ಥೆಗೆಂದು ತಯಾರಿಸಿದ್ದು. ಅದರಲ್ಲಿ ಹೇಳಿದ ಗುಂಡಿಗಳು ಲಿನಕ್ಸ್‌ನಲ್ಲಿ ಇರಲೇ ಇಲ್ಲ. ಮೊದಲ ಸರದಿ ನನ್ನದು. ನಾನು ಪೆನ್ನು ತೆಗೆದು ಪ್ರಶ್ನೆಪತ್ರಿಕೆಯ ತಪ್ಪುಗಳನ್ನು ಅಂಚಿನಲ್ಲಿ ತಿದ್ದುತ್ತಾ ಕೂತೆ. ಅರ್ಧ ಸಮಯ ಅದರಲ್ಲೇ ಹೋಯಿತು. ಶಾಂತಕ್ಕ, “ಇವ್ರಿಗಿ ಪತ್ರ ಬೇಕಾಗ್ಯಾದ, ಪಟ್ಟಿ ಬೇಕಾಗ್ಯಾದ, ಅಷ್ಟಽ ಅಲ್ಲ?” ಎಂದುಕೊಂಡು ಹುಡುಕಿ ಹುಡುಕಿ ಎರಡನ್ನೂ ಮಾಡಿ ಮುದ್ರಿಸಿ ಕೊಟ್ಟರು.

ಕೊನೆಗೆ ಪರೀಕ್ಷಕರು ಕೇಳಿದರು, “ಯಂತ್ರ ಏಳದಿದ್ದರೆ ಏನು ಮಾಡುತ್ತೀರಿ?”

“ಸೀಡಿ ಹಾಕಿ ಮೊದಲಿಂದ ಕೂಡ್ರಸ್ತೀನ್ರಿ.”

“ಸೀಡಿ ಇಲ್ಲದಿದ್ದರೆ?”

“ವನದುರ್ಗಕ್ಕ ಹೋಗ್ತೀನ್ರಿ.”

ಅವರಿಗೆ ಅರ್ಥವಾಗಲಿಲ್ಲ, ಆದರೆ ಧೈರ್ಯ ಮೆಚ್ಚಿದರು. ಸಂಜೆ ಫಲಿತಾಂಶ ಓದಿದರು: ಶಾಂತಕ್ಕ ಪಾಸು, ಕಾಯಂ. ಆ ಪದ ಕೇಳಿ ಅವರು ಖಾಜಾ ಸಾಹೇಬರ ಕಡೆ ತಿರುಗಿ, ರೂಢಿಯಂತೆ ಬಾಯಿ ತೆರೆದು, ಕೇಳಲು ಏನೂ ಉಳಿದಿಲ್ಲವೆಂದು ಹೊಳೆದು ಸುಮ್ಮನಾದರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ನಾನೂ ಪಾಸು, ಶಾಂತಕ್ಕನಿಗಿಂತ ಒಂಬತ್ತು ಅಂಕ ಕಡಿಮೆ. ಸುರಪುರದ ಶಾಖೆಗೂ ತರಬೇತಿ ಬೇಕಿದೆ ಎಂದ ಪರೀಕ್ಷಕರು, “ಶಾಂತಮ್ಮನವರೇ ಕಲಿಸಲಿ. ಈ ಮೇಡಂ ಜೊತೆಗೆ ಹೋಗಿ ವೈರು ಜೋಡಿಸಿ ಕೊಡಲಿ” ಎಂದರು. ದೇವಿಂದ್ರಮ್ಮನ ಎರಡು ಸೀಡಿಗಳನ್ನು ಹೊಸ ಪೆಟ್ಟಿಗೆ ಬಂದ ದಿನವೇ ಮುಟ್ಟಿಸಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ; ಯಾರೂ ಅನುಮಾನ ಪಡಬಾರದು.

ಪರೀಕ್ಷೆಯ ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಇಬ್ಬರೂ ಸುರಪುರಕ್ಕೆ ಹೋದೆವು. ಊರೊಳಗಿನ ರಂಗಂಪೇಟೆಯ ಶಾಖೆಯಲ್ಲಿ ನಾನು ಮೇಜಿನಡಿ ಮಂಡಿಯೂರಿ ನಾಲ್ಕು ವೈರು ಜೋಡಿಸಿದೆ. ಮೇಲೆದ್ದು ಬಂದಾಗ ಅಲ್ಲಿಯ ಗುಮಾಸ್ತರೊಬ್ಬರು, “ತಾವು ಯಾರ್ರಿ?” ಎಂದು ಕೇಳಿದರು. ಹೆಸರು, ಪದವಿ, ಪಾಸಾದ ವರ್ಷ ಮೂರೂ ನಾಲಗೆಯ ತುದಿಗೆ ಬಂದವು. “ನಾನು ಶಾಂತಕ್ಕನ ಜೊತಿ ಬಂದಾಕಿರಿ” ಎಂದು ಹೇಳಿ, ಹಿಂದಿನ ಬೆಂಚಿಗೆ ಹೋಗಿ ಕೂತು, ಪಾಠ ಕೇಳಿದೆ.