ಮನೆಗೊಂದು ಅವಳಿ

ದೊಡ್ಡ ಪರದೆಯ ಮೇಲೆ ಒಂದು ಯಂತ್ರದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಗ್ರೀಸಣ್ಣ ಎದ್ದು ಹೋಗಿ, ಹಿಂದಿನ ಜೇಬಿನಿಂದ ಬಟ್ಟೆ ತೆಗೆದು, ಒರೆಸಿಬಿಟ್ಟ.

ನಡೆದದ್ದು ಇಷ್ಟೇ. ಆದರೆ ನಡೆದದ್ದು ಸೋಪಿನ ಕಾರ್ಖಾನೆಯ ಮೀಟಿಂಗ್ ಕೋಣೆಯಲ್ಲಿ, ಇಡೀ ರಿಪೇರಿ ವಿಭಾಗದ ಕಣ್ಣೆದುರಿಗೆ. ತೊಟ್ಟಿಕ್ಕುತ್ತಿದ್ದದ್ದು ಎಣ್ಣೆಯ ಚಿತ್ರ. ಬಟ್ಟೆಯಲ್ಲಿದ್ದದ್ದು ಮಾತ್ರ ಅಪ್ಪಟ ಗ್ರೀಸು. ಒಂದೇ ಒಂದು ತೊಟ್ಟು ಸೋರುತ್ತಿದ್ದ ಯಂತ್ರ, ಅವನು ರಿಪೇರಿ ಮಾಡಿದ ಮೇಲೆ ಪೂರ್ತಿ ಕಾಣದಂತಾಯಿತು.

“ಸರ್, ಅದು ಮಷೀನಲ್ಲ. ಮಷೀನಿನ ಅವಳಿ,” ಎಂದಳು ಹೊಸ ಮ್ಯಾನೇಜರ್. ಗ್ರೀಸಣ್ಣ ಆ ಕಾರ್ಖಾನೆಯಲ್ಲಿ ಮೊದಲ ಸ್ಪ್ಯಾನರ್ ಹಿಡಿದಾಗ ಆಕೆ ಬಹುಶಃ ಗಿಲಕಿ ಹಿಡಿದಿದ್ದಳು.

“ಬಿಡಿ ಮೇಡಂ, ಅವಳಿಗೂ ಸ್ನಾನ ಆಯ್ತು,” ಎಂದಿತು ಹಿಂದಿನ ಸಾಲು.

ಗ್ರೀಸಣ್ಣನ ಕಿವಿ ಬಿಸಿಯಾಯಿತು. ಆಮೇಲೆ ಆಕೆ ಹೇಳಿದ್ದನ್ನು ಕೇಳಿ ಬಟ್ಟೆಯನ್ನು ಮೆಲ್ಲಗೆ ಜೇಬಿಗೆ ತುರುಕಿದ. ಈಗ ಎಲ್ಲದಕ್ಕೂ ಅವಳಿ ಬಂದಿದೆಯಂತೆ. ವಿಮಾನದ ಎಂಜಿನ್ನಿಗೆ, ಸೇತುವೆಗೆ, ಹಡಗಿಗೆ, ಹಸುವಿನ ಕೊಟ್ಟಿಗೆಗೆ, ಮನುಷ್ಯನ ಹೃದಯಕ್ಕೆ ಕೂಡ. ನಿಜವಾದದ್ದಕ್ಕೆ ಸೆನ್ಸರಿನ ಬಿಲ್ಲೆಗಳನ್ನು ಅಂಟಿಸಿದರಾಯಿತು, ಅವು ಕಳಿಸುವ ಸುದ್ದಿಯನ್ನೆಲ್ಲ ಕೇಳಿಸಿಕೊಂಡು ಕಂಪ್ಯೂಟರಿನೊಳಗೆ ಅದರ ತದ್ರೂಪವೊಂದು ಬದುಕತೊಡಗುತ್ತದೆ. ನಿಜವಾದದ್ದು ಕಾಯಿಲೆ ಬೀಳುವ ಮೊದಲೇ ಅವಳಿ ಕೆಮ್ಮುತ್ತದೆ. ಯಾವುದಾದರೂ ಭಾಗ ತೆಗೆದುಹಾಕಿದರೆ ಏನಾಗುತ್ತದೆ ಎಂದು ಕೇಳಿದರೆ, ತೆಗೆಯುವ ಮೊದಲೇ ಹೇಳುತ್ತದೆ.

“ಅವಳಿ ಕೋಣೆ ನೋಡಿಕೊಳ್ಳೋಕೆ ನಿಮ್ಮಲ್ಲಿ ಒಬ್ಬರು ಬೇಕು,” ಎಂದಳು ಮ್ಯಾನೇಜರ್. “ಎಲ್ಲರೂ ಒಂದೊಂದು ಡಬ್ಬಿ ಸೆನ್ಸರ್ ತಗೊಂಡು ಹೋಗಿ, ಯಾವುದಾದ್ರೂ ಜಾಗಕ್ಕೆ ಅವಳಿ ಮಾಡಿ. ಒಬ್ಬೊಬ್ಬರದೇ ಬಂದು ನೋಡ್ತೀನಿ, ಭಾನುವಾರ ಕೊನೆ.”

“ಮಿಕ್ಕವರು, ಮೇಡಂ?” ಎಂದು ಯಾರೋ ಕೇಳಿದರು.

“ಯಾವ ಭಾಗ ತೆಗೆದ್ರೆ ಏನಾಗುತ್ತೆ ಅಂತ ಅವಳೀನೇ ಕೇಳಿದ್ರಾಯ್ತು,” ಎಂದು ಆಕೆ ನಕ್ಕಳು. ಎಲ್ಲರೂ ನಕ್ಕರು. ಗ್ರೀಸಣ್ಣನೂ ಹಲ್ಲು ತೋರಿಸಿದ. ಆದರೆ ಮನೆಯ ದಾರಿಯುದ್ದಕ್ಕೂ ಅವನಿಗೆ ತಾನೊಂದು ಭಾಗವೆಂದೂ, ತನ್ನನ್ನು ಯಾರೋ ತಿರುಗಿಸಿ ತಿರುಗಿಸಿ ಬಿಚ್ಚುತ್ತಿದ್ದಾರೆಂದೂ ಅನ್ನಿಸುತ್ತಿತ್ತು.

ಹೆದರಿದ ಗಂಡಸು ಮನೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಾನೆ. ಗ್ರೀಸಣ್ಣ ಚಪ್ಪಲಿ ಬಿಡುವ ಮೊದಲೇ ಘೋಷಿಸಿದ: “ಈ ವಾರ ಕಳೆಯೋದರೊಳಗೆ ಈ ಮನೆಗೆ ಅವಳಿ ಬರುತ್ತೆ!”

ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಈ ವಯಸ್ಸಿಗೆ?”

“ಮಕ್ಕಳಲ್ಲ ಕಣೇ. ಟೆಕ್ನಾಲಜಿ.”

ಅವನು ವಿವರಿಸಿದ. ಆಕೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವವಳು, ಕೇಳಿ ಬೆರಗಾಗಲಿಲ್ಲ. “ದಿನಾ ಎಷ್ಟೋ ಜನರ ಒಳಗನ್ನ ನೋಡ್ತೀನಿ. ನಿಮ್ಮ ಒಳಗೇನಿದೆ ಅಂತ ಹೇಳೋಕೆ ನಂಗೆ ಮಷೀನೂ ಬೇಡ.”

“ಏನಿದೆ?”

“ಭಯ. ಕೆಲಸಕ್ಕೇನಾದ್ರೂ ಕುತ್ತು ಬಂತೇನ್ರೀ?”

“ಛೆ ಛೆ. ನನ್ನ ಬಿಟ್ಟರೆ ಆ ಕಾರ್ಖಾನೆ ಒಂದು ದಿನ ನಡೆಯುತ್ತಾ?” ಎಂದ ಗ್ರೀಸಣ್ಣ. ಹೇಳಿ ಒಂದು ಲೋಟ ನೀರು ಗಟಗಟ ಕುಡಿದ.

ಮರುದಿನ ಸಂಜೆ ಬಿಲ್ಲೆ ಅಂಟಿಸುವ ಮಹಾಯಜ್ಞ ಆರಂಭವಾಯಿತು. ಫ್ರಿಜ್ಜಿನ ಬಾಗಿಲಿಗೊಂದು, ಕಪಾಟಿಗೊಂದು, ಸೋಫಾದ ಕಾಲಿಗೆ ಭಾರ ಅಳೆಯುವುದೊಂದು. ಯಾರು ಎಲ್ಲಿದ್ದಾರೆಂದು ತಿಳಿಯಲು ಹೆಂಡತಿಯ ಕೈಚೀಲಕ್ಕೊಂದು, ಅತ್ತೆಯ ಕನ್ನಡಕದ ದಾರಕ್ಕೊಂದು. ಹೆಂಡತಿಯ ತಾಯಿ ಇವರ ಜೊತೆಗೇ ಇದ್ದರು. ಶಾಲೆಯಲ್ಲಿ ವ್ಯಾಯಾಮದ ಟೀಚರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟಿದ್ದರೇ ಹೊರತು ಸೀಟಿಯಂಥ ದನಿ ಬಿಟ್ಟಿರಲಿಲ್ಲ.

“ಇದೇನು ಅಳಿಯಂದಿರೇ, ನನ್ನ ಹಾಸಿಗೆಗೆ ಗುಂಡಿ ಹೊಲೀತಿದೀರಿ?”

“ಹೊದಿಕೆ ಒಳಗೆ ಸೆನ್ಸರ್ ಇಡ್ತಿದೀನಿ ಅತ್ತೆ. ನೀವೇನಾದ್ರೂ ಮಂಚದಿಂದ ಬಿದ್ರೆ ಗೊತ್ತಾಗುತ್ತೆ.”

“ಬಿದ್ರೆ ನಂಗೇ ಗೊತ್ತಾಗುತ್ತಲ್ಲ.”

“ನಿಮಗೆಲ್ಲಿ ಬಿಲ್ಲೆ?” ಎಂದು ಹೆಂಡತಿ ಗಂಡನನ್ನು ಕೇಳಿದಳು.

“ನಾನು ನೋಡೋನು. ನೋಡಿಸಿಕೊಳ್ಳೋನಲ್ಲ,” ಎಂದ ಗ್ರೀಸಣ್ಣ, ರಾಜನಂತೆ ಸೋಫಾದಲ್ಲಿ ಒರಗಿ.

ಕೊನೆಗೆ ಫೋನಿನಲ್ಲಿ ಎರಡು ಗುಂಡಿ. ಕೆಂಪು ಒತ್ತಿದರೆ, ಬಿಲ್ಲೆಗಳ ಸುದ್ದಿ ಸೇರಿಸುವ ಅವಳಿಯ ಪೆಟ್ಟಿಗೆಯೊಂದನ್ನು ಬಿಟ್ಟು ಮನೆಯ ಕರೆಂಟೆಲ್ಲ ಹೋಗುತ್ತದೆ, ನೀರು ನಿಲ್ಲುತ್ತದೆ, ಬೀದಿ ಬಾಗಿಲಿನ ಹೊಸ ಬೀಗ ಬಿಗಿಯುತ್ತದೆ. ಹಸಿರು ಒತ್ತಿದರೆ ಅಪಾಯ ಕಳೆಯಿತೆಂದು ಅರ್ಥ, ಎಲ್ಲ ಮೊದಲಿನಂತೆ. ಕಾರ್ಖಾನೆಯಲ್ಲಿ ಇದ್ದಂತೆಯೇ.

ಅವಳಿ ಹುಟ್ಟಿದ ಗಳಿಗೆಯಿಂದ ಮನೆಯ ನೆಮ್ಮದಿ ಹೋಯಿತು. ಅದು ಫೋನಿನಿಂದ ಪಠ್ಯಪುಸ್ತಕದ ಕನ್ನಡದಲ್ಲಿ ಹೊತ್ತುಗೊತ್ತಿಲ್ಲದೆ ಎಚ್ಚರಿಸುತ್ತಿತ್ತು. ಕಪಾಟು ಎಡಕ್ಕೆ ವಾಲಿದೆ. ಗ್ರೀಸಣ್ಣ ಓಡಿಹೋಗಿ ಬಲಕ್ಕೆ ತಳ್ಳುತ್ತಿದ್ದ. ಕಪಾಟು ಬಲಕ್ಕೆ ವಾಲಿದೆ. ಸೋಫಾದ ಭಾರದಲ್ಲಿ ಏರುಪೇರಿದೆ. “ಬಿಲ್ಲೆ ಸಡಿಲ ಇರಬೇಕು,” ಎಂದು ಗ್ರೀಸಣ್ಣ ಅದೊಂದನ್ನು ಮಾತ್ರ ಕಡೆಗಣಿಸಿದ. ಉಳಿದದ್ದಕ್ಕೆಲ್ಲ ಬಿದ್ದೆದ್ದು ಓಡುತ್ತಿದ್ದ. ಭಾನುವಾರ ಮ್ಯಾನೇಜರ್ ಎದುರಿಗೆ ಒಂದು ತಪ್ಪಾದರೆ ಮುಗಿಯಿತು, ತಾನು ಗುಜರಿ.

ಊಟಕ್ಕೆ ಕೂತಾಗ ಅವಳಿ ಬಾಯಿ ಬಿಟ್ಟಿತು: “ಫ್ರಿಜ್ಜಿನ ಬಾಗಿಲು ಮಧ್ಯಾಹ್ನದ ಹೊತ್ತು ಪದೇ ಪದೇ ತೆರೆಯುತ್ತಿದೆ. ಸಮೀಪದಲ್ಲಿ ಇರುವವರು ಅತ್ತೆ.”

ಅತ್ತೆಗೆ ಸಕ್ಕರೆ ಕಾಯಿಲೆ. ಹೆಂಡತಿ ಎದ್ದುಹೋಗಿ ಐಸ್‌ಕ್ರೀಮ್ ಡಬ್ಬಿ ತೆರೆದಳು. ತಳ ಕಾಣುತ್ತಿತ್ತು.

“ಅಮ್ಮಾ.”

“ನಿನ್ನ ಗಂಡನಿಗೆ ಹೇಳು,” ಎಂದರು ಅತ್ತೆ, ಗಂಡ ಎದುರಿಗೇ ಕೂತಿದ್ದರೂ. “ಇದು ಅವಳಿಯಲ್ಲ, ಹಾವಳಿ.”

“ಸೆನ್ಸರ್ ಇಷ್ಟೊಂದು ತಂದ್ರಿ,” ಎಂದಳು ಹೆಂಡತಿ, “ಜೊತೆಗೆ ಒಂಚೂರು ಸೆನ್ಸ್ ಇದ್ದಿದ್ರೆ ಅದನ್ನ ಅಮ್ಮನ ಮುಂದೆ ಬಾಯಿಬಿಡೋಕೆ ಬಿಡ್ತಿರಲಿಲ್ಲ.”

ಶನಿವಾರ ಬಂತು. ಗ್ರೀಸಣ್ಣ ಕಾರ್ಖಾನೆಯಲ್ಲಿ ಸೋಪು ಕತ್ತರಿಸುವ ಯಂತ್ರದ ಕೆಳಗೆ ಮಲಗಿದ್ದಾಗ ಜೇಬು ಕೂಗಿತು.

“ಅತ್ತೆಯ ಹಾಸಿಗೆ ಒದ್ದೆಯಾಗಿದೆ.”

ಗ್ರೀಸಣ್ಣನಿಗೇ ನಾಚಿಕೆಯಾಯಿತು. ವಯಸ್ಸಾದವರು, ಪಾಪ. ಕೇಳದವನಂತೆ ಬೋಲ್ಟ್ ಬಿಗಿದ.

“ಅತ್ತೆಯ ಹಾಸಿಗೆ ಬಿಸಿಯಾಗುತ್ತಿದೆ. ತಾಪ ಅರವತ್ತು ಡಿಗ್ರಿ.”

ಸ್ಪ್ಯಾನರ್ ಕೈಜಾರಿ ಎದೆಯ ಮೇಲೆ ಬಿತ್ತು.

“ಅತ್ತೆಯ ಹಾಸಿಗೆ ತಲೆಕೆಳಗಾಗಿದೆ. ನೆಟ್ಟಗಾಗಿದೆ. ತಲೆಕೆಳಗಾಗಿದೆ. ಅತ್ತೆ ನಡುಗುತ್ತಿದ್ದಾರೆ.”

ಯಂತ್ರದ ಕೆಳಗಿನಿಂದ ಹೊರಬಂದ ಗ್ರೀಸಣ್ಣನ ಮುಖ ಸೋಪಿಗಿಂತ ಬಿಳಿಯಾಗಿತ್ತು. ಮನೆಗೆ ಫೋನ್ ಮಾಡಿದ, ಅತ್ತೆ ಎತ್ತಲಿಲ್ಲ. ಹೆಂಡತಿಗೆ ಮಾಡಿದ; “ಬೇಗ ಮನೆಗೆ ಬಾ, ಅಮ್ಮ ಸುತ್ತುತ್ತಿದ್ದಾರೆ,” ಎಂದಷ್ಟೇ ಹೇಳಲಾಯಿತು. ಆಮೇಲೆ, ಬೆಂಕಿಯೋ, ಭೂಕಂಪವೋ, ಯಾವುದಿದ್ದರೂ ಆಗಲಿ ಎಂದು ಕೆಂಪು ಗುಂಡಿ ಒತ್ತಿದ.

“ಹಾಸಿಗೆ ನಿಂತಿದೆ,” ಎಂದಿತು ಅವಳಿ. “ಅತ್ತೆ ನಿಂತಿದ್ದಾರೆ.”

ನಿಂತಿದ್ದಾರೆ ಎಂದರೆ ಎದ್ದು ನಿಂತಿದ್ದಾರೋ, ಅಥವಾ ಗಡಿಯಾರ ನಿಂತಂತೆ ನಿಂತಿದ್ದಾರೋ? ಗ್ರೀಸಣ್ಣ ಬಾಗಿಲ ಕಡೆ ಓಡಿದ. ಎದುರಿಗೆ ಮ್ಯಾನೇಜರ್.

“ಏನಾಯ್ತು ಸರ್?”

“ಅತ್ತೆ ನಿಂತಿದ್ದಾರೆ ಮೇಡಂ.”

“ಒಳ್ಳೇದಲ್ವಾ?”

ಅವನ ಮುಖ ನೋಡಿ ಆಕೆ ಮುಂದೆ ಕೇಳಲಿಲ್ಲ. ತನ್ನ ಕಾರಿನಲ್ಲೇ ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ ಗ್ರೀಸಣ್ಣ ಮನಸ್ಸಿನಲ್ಲೇ ಐಸ್‌ಕ್ರೀಮಿನ ವಿಷಯಕ್ಕೆ ಅತ್ತೆಯ ಕ್ಷಮೆ ಕೇಳಿದ. ಬದುಕಿದ್ದರೆ ಡಬ್ಬಿಗಟ್ಟಲೆ ತಂದುಕೊಡುತ್ತೇನೆ, ಸಕ್ಕರೆ ಇಲ್ಲದ್ದು.

ಬೀದಿ ಬಾಗಿಲು ಭದ್ರವಾಗಿ ಬಿಗಿದಿತ್ತು. ಬಿಗಿದವನು ತಾನೇ.

“ಹಸಿರು ಒತ್ತಿ, ತೆಗೆಯುತ್ತೆ,” ಎಂದಳು ಮ್ಯಾನೇಜರ್.

“ಆಗಲ್ಲ ಮೇಡಂ.”

“ಯಾಕೆ, ಕೆಟ್ಟಿದೆಯಾ?”

“ಇಲ್ಲ. ಹಸಿರು ಅಂದ್ರೆ ಅಪಾಯ ಕಳೀತು ಅಂತ. ಒಳಗೇನಾಗಿದೆ ಅಂತ ಕಣ್ಣಾರೆ ನೋಡದೆ ಹೇಗೆ ಒತ್ತಲಿ? ಕರೆಂಟ್ ಬಂದು ಅತ್ತೆಗೆ ಏನಾದ್ರೂ ಆದ್ರೆ?”

“ನೋಡಬೇಕಾದ್ರೆ ಒಳಗೆ ಹೋಗಬೇಕು. ಒಳಗೆ ಹೋಗಬೇಕಾದ್ರೆ ಹಸಿರು ಒತ್ತಬೇಕು.”

“ಅದಕ್ಕೇ ಕಿಟಕಿ,” ಎಂದು ಗ್ರೀಸಣ್ಣ ಮನೆಯ ಹಿಂಭಾಗಕ್ಕೆ ಓಡಿದ.

ಬಚ್ಚಲಿನ ಕಿಟಕಿಯಲ್ಲಿ ತಲೆ ಹೋಯಿತು, ಹೆಗಲೂ ಹೋಯಿತು. ಹೊಟ್ಟೆಯ ಹತ್ತಿರ ಬಂದಾಗ ಕಿಟಕಿ ಒಪ್ಪಲಿಲ್ಲ. ಅರ್ಧ ಅಳಿಯ ಒಳಗೆ, ಅರ್ಧ ಅಳಿಯ ಹೊರಗೆ. ಕತ್ತಲಲ್ಲಿ ಏನೋ ಸರಿದಂತಾಯಿತು.

“ಅತ್ತೆ?” ಎಂದು ಮೆಲ್ಲಗೆ ಕರೆದ.

ಉತ್ತರವಾಗಿ ನೆಲ ಒರೆಸುವ ಕೋಲು ನೆತ್ತಿಯ ಮೇಲೆ ಬಂದು ಕೂತಿತು. ನಿವೃತ್ತರಾದರೇನು, ಗುರಿ ತಪ್ಪಿರಲಿಲ್ಲ.

“ಕಳ್ಳಾ! ಕರೆಂಟ್ ತೆಗೆದು ನುಗ್ತೀಯಾ?”

“ಅತ್ತೆ, ನಾನು! ನಿಮ್ಮ ಅಳಿಯ!”

“ನನ್ನ ಅಳಿಯನಿಗೆ ಬಾಗಿಲು ಗೊತ್ತು,” ಎಂದು ಕನ್ನಡಕವಿಲ್ಲದ ಅತ್ತೆ ಮತ್ತೊಂದು ಕೊಟ್ಟರು.

ಅಷ್ಟರಲ್ಲಿ ಹೊರಗೆ ಹೆಂಡತಿ ಬಂದಳು. ಹೊರಗುಳಿದಿದ್ದ ಅರ್ಧ ಗಂಡನನ್ನು ಗುರುತು ಹಿಡಿದು, ಪ್ಯಾಂಟಿನ ಜೇಬಿನಿಂದ ಫೋನ್ ಎಳೆದು, ಏನೂ ಯೋಚಿಸದೆ ಹಸಿರು ಒತ್ತಿದಳು.

ಬೆಳಕು ಬಂತು. ಗ್ರೀಸಣ್ಣನ ಮೂಗಿನ ನೇರಕ್ಕೆ ಬಟ್ಟೆ ಒಗೆಯುವ ಯಂತ್ರ ಗುರ್ರೆಂದು ಜೀವ ಪಡೆಯಿತು. ಅದರ ಮೇಲಿಟ್ಟಿದ್ದ ಅತ್ತೆಯ ಕನ್ನಡಕ, ದಾರ ಮತ್ತು ಬಿಲ್ಲೆಯ ಸಮೇತ ಗಡಗಡ ನಡುಗತೊಡಗಿತು. ದುಂಡು ಗಾಜಿನಾಚೆ ನೊರೆಯ ನಡುವೆ ಹಾಸಿಗೆಯ ಹೊದಿಕೆ ಒಂದು ಸುತ್ತು ಹಾಕಿತು.

“ಅತ್ತೆಯ ಹಾಸಿಗೆ ತಲೆಕೆಳಗಾಗಿದೆ,” ಎಂದಿತು ಹೊರಗಿನಿಂದ ಫೋನು.

“ನಾಳೆ ಯಾರೋ ಮನೆಗೆ ಬರ್ತಾರೆ ಅಂದ್ರಲ್ಲ,” ಎಂದರು ಅತ್ತೆ, ಕೋಲು ಇಳಿಸದೆ. “ಅದಕ್ಕೇ ಒಗೆಯೋಕೆ ಹಾಕಿದೆ. ಅದೇನು ತಪ್ಪಾ?”

ಸ್ವಲ್ಪ ಹೊತ್ತಿನ ಮೇಲೆ, ಗ್ರೀಸಣ್ಣ ಸೋಫಾದ ತುದಿಯಲ್ಲಿ ನೆತ್ತಿಗೆ ಐಸು ಒತ್ತಿಕೊಂಡು ಕೂತಿದ್ದ. ಎದುರಿಗೆ ಮ್ಯಾನೇಜರ್ ಕಾಫಿ ಕುಡಿಯುತ್ತ ಫೋನಿನಲ್ಲಿ ಅವನ ಅವಳಿಯನ್ನು ಪರೀಕ್ಷಿಸುತ್ತಿದ್ದಳು. ಗ್ರೀಸಣ್ಣನಿಗೆ ಒಂದೊಂದು ಗುಟುಕೂ ತನ್ನ ಒಂದೊಂದು ಬೋಲ್ಟ್ ಬಿಚ್ಚಿದಂತೆ ಕೇಳಿಸುತ್ತಿತ್ತು.

“ಗುಜರಿಗೆ ಹಾಕೋದಾದ್ರೆ ಈಗಲೇ ಹೇಳಿಬಿಡಿ ಮೇಡಂ,” ಎಂದ ಕೊನೆಗೆ.

“ಅವಳಿ ಕೋಣೆ ನಿಮ್ಮದು ಸರ್.”

ಐಸು ಕೈಯಿಂದ ಜಾರಿತು.

“ಮಿಕ್ಕವರ ಅವಳಿ ಎಲ್ಲಾ ಆಗಲೇ ನೋಡಿಬಂದೆ, ನಿಮ್ಮದೇ ಕೊನೇದು. ಅವು ಏನು ಹೇಳಿದ್ರೂ ಅವರು ತಲೆಯಾಡಿಸ್ತಾರೆ, ಹಸಿರು ಒತ್ತುತ್ತಾರೆ. ಕಣ್ಣಾರೆ ನೋಡೋ ತನಕ ಒತ್ತಲ್ಲ ಅಂತ ಕಿಟಕೀಲಿ ಸಿಕ್ಕಿಹಾಕಿಕೊಂಡೋರು ನೀವೊಬ್ಬರೇ. ಆ ಕೋಣೇಲಿ ಹೆದರೋರೇ ಬೇಕು.”

ಗ್ರೀಸಣ್ಣನ ಎದೆ ಉಬ್ಬಿತು. ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ವಾರವಿಡೀ ತನ್ನನ್ನು ತಿಂದುಹಾಕಿದ್ದ ಪ್ರಶ್ನೆ ಈಗ ಹಲ್ಲಿಲ್ಲದ್ದಾಗಿ ಕಂಡಿತು. ಸೋಫಾದಲ್ಲಿ ಹಿಂದಕ್ಕೆ ಒರಗಿ, ಕಾಲ ಮೇಲೆ ಕಾಲು ಹಾಕಿದ.

“ಅವಳೀನ ಒಂದು ಮಾತು ಕೇಳಿ ಮೇಡಂ. ಇವರೂ ಕೇಳಿಸಿಕೊಳ್ಳಲಿ. ಈ ಮನೆಯಿಂದ ಯಜಮಾನನನ್ನ ತೆಗೆದುಹಾಕಿದ್ರೆ ಏನಾಗುತ್ತೆ?”

“ಬೇಡ ಬಿಡ್ರೀ,” ಎಂದಳು ಹೆಂಡತಿ.

“ಕೇಳಿ ಮೇಡಂ.”

ಮ್ಯಾನೇಜರ್ ಕೇಳಿದಳು. ಅವಳಿ ಒಂದು ಕ್ಷಣ ಯೋಚಿಸಿತು.

“ಯಜಮಾನ ಎಂಬ ಭಾಗ ಈ ಮನೆಯಲ್ಲಿ ಕಂಡುಬಂದಿಲ್ಲ,” ಎಂದಿತು. “ಆದರೆ ನಡುಮನೆಯ ಸೋಫಾ ಪ್ರತಿದಿನ ಸಂಜೆ ಎಂಬತ್ತು ಕಿಲೋ ಹೆಚ್ಚು ತೂಗುತ್ತಿದೆ. ಒಳಗೆ ನೀರು ಸೇರಿರಬಹುದು. ಬಿಸಿಲಿಗೆ ಹಾಕಿ.”